ಮನಸ್ಸು ಕೂಡದಿದ್ದರೆ ಕಟ್ಟಡ ಏನು ಮಾಡೀತು? – ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯ ನಗರ ವಿನ್ಯಾಸದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿತು. ಭಾಷೆ, ಧರ್ಮ, ವರಮಾನಗಳಲ್ಲಿ ಒಬ್ಬರಿಗೊಬ್ಬರು ಸಂಬಂಧವಿಲ್ಲದವರನ್ನು ಒಂದೇ ಕಟ್ಟಡದಲ್ಲಿ ಇರಿಸಿದ ಮಾತ್ರಕ್ಕೆ ಸಹಬಾಳ್ವೆ ಬಂದೀತೇ, ಮನಸ್ಸುಗಳೇ ಕೂಡದಿದ್ದರೆ ಕಟ್ಟಡ ಏನು ಮಾಡೀತು ಎಂದು ಕೇಳಿದ್ದೀರಿ. ಹಲವು ಧರ್ಮಗಳ ಪ್ರಾರ್ಥನಾ ಮಂದಿರಗಳನ್ನು ಒಂದೆಡೆ ಕಟ್ಟುವುದು ಬರಿಯ ತೋರಿಕೆಯಲ್ಲವೇ ಎಂಬ ಸಂದೇಹವನ್ನೂ ಮುಂದಿಟ್ಟಿದ್ದೀರಿ. ಎರಡಕ್ಕೂ ಉತ್ತರಿಸುವುದು ನಮ್ಮ ಕರ್ತವ್ಯ.

ಕಟ್ಟಡ ಯಾರನ್ನೂ ಸ್ನೇಹಿತರನ್ನಾಗಿ ಮಾಡಲಾರದು ಎಂಬ ನಿಮ್ಮ ಮಾತು ನಿಜ. ಆದರೆ ಅದು ಜನರನ್ನು ದೂರವಿಡಬಲ್ಲದು ಎನ್ನುವುದರಲ್ಲಿ ಯಾರಿಗೂ ಸಂಶಯವಿರಬೇಕಾಗಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಬಡಾವಣೆಗಳ ನಡುವೆ 1969ರಲ್ಲಿ ತಾತ್ಕಾಲಿಕವೆಂದು ಎಬ್ಬಿಸತೊಡಗಿದ ಗೋಡೆಗಳನ್ನು 2023ರೊಳಗೆ ತೆಗೆಯುವುದಾಗಿ ಅಲ್ಲಿನ ಸರ್ಕಾರ 2013ರಲ್ಲಿ ಘೋಷಿಸಿತ್ತು. ಆ ಗಡುವು ಕಳೆದರೂ ಅನೇಕ ಗೋಡೆಗಳು ಇನ್ನೂ ನಿಂತಿವೆ. ಲಂಡನ್ನಿನ ಒಂದು ವಸತಿ ಸಮುಚ್ಚಯದಲ್ಲಿ ಕಡಿಮೆ ಬಾಡಿಗೆಯ ಮನೆಗಳ ಮಕ್ಕಳು ಆಟದ ಜಾಗಕ್ಕೆ ಬರದಂತೆ ಪೊದೆಯ ಬೇಲಿ ಬೆಳೆಸಿದ್ದದ್ದು 2019ರಲ್ಲಿ ಸುದ್ದಿಯಾಯಿತು. ಸಾರ್ವಜನಿಕರು ಸಿಡಿದೆದ್ದ ಮೇಲೆ ಆ ತಡೆ ಹೋಯಿತು. ಬೇಲಿಯೊಂದಕ್ಕೆ ಅಷ್ಟು ಶಕ್ತಿಯಿದ್ದರೆ, ಮೆಟ್ಟಿಲಿಗೂ ಅಂಗಳಕ್ಕೂ ಏನೂ ಶಕ್ತಿಯಿಲ್ಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಮೆಟ್ಟಿಲಿನ ಮಾತು ಸುಮ್ಮನೆ ತೆಗೆದದ್ದಲ್ಲ. ಅಮೆರಿಕದ ಎಂಐಟಿ ಸಂಸ್ಥೆಯ ವಿವಾಹಿತ ವಿದ್ಯಾರ್ಥಿಗಳ ವಸತಿಯನ್ನು ಸಂಶೋಧಕರಾದ ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಷಾಕ್ಟರ್ ಮತ್ತು ಕರ್ಟ್ ಬ್ಯಾಕ್ ಅಧ್ಯಯನ ಮಾಡಿ 1950ರಲ್ಲಿ ಪ್ರಕಟಿಸಿದರು. ಎರಡಂತಸ್ತಿನ ಆ ಕಟ್ಟಡಗಳಲ್ಲಿ ಅಂತಸ್ತಿಗೆ ಐದು ಮನೆಗಳು. ಪಕ್ಕದ ಬಾಗಿಲಿನವರು ಹೆಚ್ಚು ಸ್ನೇಹಿತರಾಗುವುದು ಸಹಜವೇ. ಆದರೆ ಮೆಟ್ಟಿಲ ಬುಡದಲ್ಲಿ ಬಾಗಿಲಿದ್ದ ಕೆಳಮನೆಯವರಿಗೆ, ಅದೇ ಸಾಲಿನ ಉಳಿದವರಿಗಿಂತ ಮೇಲಂತಸ್ತಿನ ಸ್ನೇಹಿತರು ಹೆಚ್ಚಿದ್ದರು. ಅವರ ಸ್ವಭಾವ ವಿಶೇಷವಾಗಿತ್ತೆಂದಲ್ಲ, ಮೇಲಿನವರು ದಿನವೂ ಅವರ ಬಾಗಿಲ ಮುಂದೆಯೇ ಹಾದುಹೋಗಬೇಕಿತ್ತು. ಎದುರಾಗಬೇಕೆಂದು ಯಾರೂ ಹೊರಟಿರಲಿಲ್ಲ, ಆದರೂ ಎದುರಾಗುತ್ತಿದ್ದರು.

ಆದರೆ ಆ ನಿವಾಸಿಗಳೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನ, ಒಂದೇ ಬಗೆಯ ಬದುಕಿನವರು ಎಂಬುದನ್ನು ಮರೆಯಬಾರದು. ಹತ್ತಿರವಿರುವವರು ಸ್ನೇಹಿತರಾಗುವ ಹಾಗೆಯೇ ವೈರಿಗಳೂ ಆಗುತ್ತಾರೆ ಎಂದು ಮುಂದಿನ ಅಧ್ಯಯನಗಳು ಕಂಡುಕೊಂಡಿವೆ. ಭಿನ್ನ ಗುಂಪುಗಳ ಸಂಪರ್ಕ ಪೂರ್ವಗ್ರಹವನ್ನು ಇಳಿಸಬೇಕಾದರೆ ಅವರಿಗೆ ಸಮಾನ ಸ್ಥಾನವಿರಬೇಕು, ಕೂಡಿ ಮಾಡುವ ಕೆಲಸವೊಂದು ಇರಬೇಕು, ಕಾನೂನು ಮತ್ತು ಸಂಸ್ಥೆಗಳ ಬೆಂಬಲವೂ ಬೇಕು ಎಂದು ಮನಶ್ಶಾಸ್ತ್ರಜ್ಞ ಗೋರ್ಡನ್ ಆಲ್ಪೋರ್ಟ್ 1954ರಲ್ಲಿಯೇ ವಾದಿಸಿದ್ದರು. ವಾಸ್ತುಶಿಲ್ಪಿಯ ಕೈಯಲ್ಲಿರುವುದು ಇದರಲ್ಲಿ ಒಂದು ಭಾಗ ಮಾತ್ರ. ಆದರೆ ಆ ಭಾಗವನ್ನು ಕೆಡಿಸಿದರೆ ಉಳಿದದ್ದು ಬಹಳ ಕಷ್ಟ.

ಸಿಂಗಪುರದಲ್ಲಿ ಈ ಎಲ್ಲ ಎಳೆಗಳೂ ಒಟ್ಟಿಗೆ ಕಾಣಸಿಗುತ್ತವೆ. ಅಲ್ಲಿನ ನಿವಾಸಿಗಳಲ್ಲಿ ಮುಕ್ಕಾಲಿಗೂ ಹೆಚ್ಚು ಮಂದಿ ಸರ್ಕಾರ ಕಟ್ಟಿಸಿದ ಬಹುಮಹಡಿ ಮನೆಗಳಲ್ಲಿದ್ದಾರೆ. ಅನೇಕ ಕಟ್ಟಡಗಳ ನೆಲಮಹಡಿಯಲ್ಲಿ ಮನೆಗಳನ್ನು ಕಟ್ಟದೆ, ಕಂಬಗಳ ನಡುವಿನ ಜಾಗವನ್ನು ತೆರೆದೇ ಬಿಟ್ಟಿದ್ದಾರೆ. ಅದಕ್ಕೆ ವಾಯ್ಡ್ ಡೆಕ್ ಎನ್ನುತ್ತಾರೆ. ಲಿಫ್ಟಿಗೆ ಹೋಗುವವರು, ಅಂಚೆಪೆಟ್ಟಿಗೆ ತೆರೆಯುವವರು ಅಲ್ಲಿಯೇ ಹಾದುಹೋಗುತ್ತಾರೆ, ಚದುರಂಗದ ಮನೆಗಳನ್ನು ಮೂಡಿಸಿದ ಕಲ್ಲುಮೇಜಿನ ಸುತ್ತ ವೃದ್ಧರು ಕೂರುತ್ತಾರೆ. ಒಂದು ವಾರ ಮಲಯ ಕುಟುಂಬದ ಮದುವೆ ನಡೆದ ಜಾಗದಲ್ಲಿಯೇ ಇನ್ನೊಂದು ವಾರ ಚೀನೀ ಕುಟುಂಬದವರು ತೀರಿಕೊಂಡವರ ಜಾಗರಣೆ ಮಾಡುವುದುಂಟು. ನೆರೆಯವರ ಸುಖದುಃಖ ಆಹ್ವಾನವಿಲ್ಲದೆಯೇ ಕಣ್ಣಿಗೆ ಬೀಳುತ್ತದೆ, ಅದರ ಸದ್ದನ್ನು ಕೊಂಚ ಸಹಿಸಿಕೊಳ್ಳುವುದೂ ರೂಢಿಯಾಗುತ್ತದೆ. ಈ ಸಹನೆಯನ್ನು ನಾನು ಪ್ರೀತಿಗಿಂತ ಕಡಿಮೆಯೆಂದು ಎಣಿಸುವುದಿಲ್ಲ.

ಇದರ ಹಿಂದೆ ಕಾನೂನೂ ಇದೆ. ಪ್ರತಿ ಕಟ್ಟಡದಲ್ಲಿಯೂ ಬಡಾವಣೆಯಲ್ಲಿಯೂ ಯಾವ ಜನಾಂಗದವರು ಎಷ್ಟರ ಮಟ್ಟಿಗೆ ಇರಬಹುದೆಂಬ ಮಿತಿಯನ್ನು 1989ರಲ್ಲಿ ಜಾರಿಗೆ ತಂದರು. ಒಂದೊಂದು ಜನಾಂಗ ಒಂದೊಂದು ಮೂಲೆ ಸೇರುವುದು ಇದರಿಂದ ತಪ್ಪಿತು, ನಿಜ. ಆದರೆ ಬಹುಸಂಖ್ಯಾತ ಚೀನೀಯರ ಮಿತಿ ತುಂಬಿದ ಕಡೆ ಅಲ್ಪಸಂಖ್ಯಾತ ಕುಟುಂಬವೊಂದು ತನ್ನ ಮನೆಯನ್ನು ಚೀನೀಯರಿಗೆ ಮಾರುವಂತಿಲ್ಲ. ಕೊಳ್ಳುವವರು ಕಡಿಮೆಯಾದಾಗ ಬೆಲೆಯೂ ಇಳಿಯುತ್ತದೆ. ಒಟ್ಟಿಗೆ ಬಾಳುವುದರ ಹೊರೆ ಚಿಕ್ಕ ಗುಂಪಿನ ಮೇಲೆಯೇ ಹೆಚ್ಚಾಗಿ ಬೀಳುವುದು ನ್ಯಾಯವಲ್ಲ.

ಸಹಬಾಳ್ವೆ ಒಂದು, ಈ ಊರು ನನ್ನದು ಎನ್ನಿಸುವುದು ಇನ್ನೊಂದು. ಎರಡನೆಯದಕ್ಕೆ ಚಿಲಿ ದೇಶದ ಇಕೀಕೆ ನಗರದ ಕಿಂತಾ ಮೊನ್ರಾಯ್ ವಸತಿಯನ್ನು ನೋಡಬೇಕು. ನಗರದ ನಡುವೆಯೇ ಗುಡಿಸಲು ಹಾಕಿಕೊಂಡಿದ್ದ ಸುಮಾರು 100 ಕುಟುಂಬಗಳನ್ನು ಹೊರವಲಯಕ್ಕೆ ಅಟ್ಟದೆ, ಅದೇ ನೆಲದಲ್ಲಿ ಮನೆ ಕಟ್ಟಿಕೊಡುವ ಕೆಲಸವನ್ನು ವಾಸ್ತುಶಿಲ್ಪಿ ಅಲೆಹಾಂದ್ರೊ ಅರಾವೆನಾ ಮತ್ತು ಅವರ ತಂಡ ಕೈಗೊಂಡಿತು. ಕುಟುಂಬಕ್ಕೆ ಸಿಕ್ಕ 7,500 ಡಾಲರ್ ಸಹಾಯಧನದಲ್ಲಿ ಪೂರ್ತಿ ಮನೆ ಆಗುವಂತಿರಲಿಲ್ಲ. ಹಾಗಾಗಿ ಅಡಿಪಾಯ, ಅಡುಗೆಮನೆ, ಬಚ್ಚಲು, ಮೆಟ್ಟಿಲುಗಳಂಥ ಕಷ್ಟದ ಅರ್ಧವನ್ನು ಅವರು ಕಟ್ಟಿ, ಉಳಿದ ಅರ್ಧಕ್ಕೆ ಮನೆಗಳ ನಡುವೆ ತೆರಪು ಬಿಟ್ಟರು. 2004ರಲ್ಲಿ ಬಂದು ನೆಲೆಸಿದವರು ಆ ತೆರಪನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ತುಂಬಿಕೊಂಡರು. ಸುಮಾರು 20 ಮನೆಗಳಿಗೊಂದು ಅಂಗಳವನ್ನೂ ಇಟ್ಟಿದ್ದರು. ಇಡೀ ಬಡಾವಣೆಗೆ ಒಂದೇ ದೊಡ್ಡ ಮೈದಾನವಾಗಿದ್ದರೆ ಅದನ್ನು ಯಾರೂ ತಮ್ಮದೆಂದು ನೋಡಿಕೊಳ್ಳುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಬದಲಾಯಿಸಲು ಅಧಿಕಾರವಿಲ್ಲದ ಜಾಗದಲ್ಲಿ ಮನುಷ್ಯ ಎಷ್ಟು ವರ್ಷ ಇದ್ದರೂ ಅತಿಥಿಯೇ.

ಇನ್ನು ನಿಮ್ಮ ಎರಡನೆಯ ಸಂದೇಹ. ಅಬುಧಾಬಿಯಲ್ಲಿ ಡೇವಿಡ್ ಅಡ್ಜಾಯೆ ವಿನ್ಯಾಸಗೊಳಿಸಿದ ಮಸೀದಿ, ಚರ್ಚು, ಯಹೂದಿ ಮಂದಿರಗಳ ಸಮುಚ್ಚಯ 2023ರಲ್ಲಿ ತೆರೆಯಿತು. ಮೂರೂ ಒಂದೇ ಅಳತೆಯ ಘನಾಕೃತಿಗಳು, ಆದರೆ ಮೂರೂ ಬೇರೆ ಬೇರೆ. ಇದು ತೋರಿಕೆಯೆಂದು ನಾನು ಹೇಳಲಾರೆ: ಯಾವುದೂ ಇನ್ನೊಂದಕ್ಕಿಂತ ಎತ್ತರವಿಲ್ಲದಿರುವುದು, ಯಾವುದನ್ನೂ ಇನ್ನೊಂದರಲ್ಲಿ ಕರಗಿಸದಿರುವುದು ಸರಿಯಾದ ನಿಲುವು. ನನ್ನ ಆಕ್ಷೇಪ ಜಾಗದ್ದು. ಅದಿರುವುದು ವಸ್ತುಸಂಗ್ರಹಾಲಯಗಳ ದ್ವೀಪದಲ್ಲಿ. ಅಲ್ಲಿ ನೆರೆಹೊರೆಯವರಿಗಿಂತ ನೋಡಲು ಬರುವವರೇ ಹೆಚ್ಚು.

ಒಂದೇ ಕಟ್ಟಡಕ್ಕೆ ಹಣವಿದ್ದರೆ ನಾನು ಸಾರ್ವಜನಿಕ ಗ್ರಂಥಾಲಯವನ್ನು ಕೇಳುತ್ತೇನೆ. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ 2018ರಲ್ಲಿ ಸಂಸತ್ ಭವನದ ಎದುರಿಗೇ ತೆರೆದ ಓಡಿ ಗ್ರಂಥಾಲಯದಲ್ಲಿ ಪುಸ್ತಕಗಳ ಜೊತೆಗೆ ಹೊಲಿಗೆ ಯಂತ್ರಗಳೂ ಸಂಗೀತದ ಕೋಣೆಗಳೂ ಇವೆ. ಅಲ್ಲಿ ಯಾರನ್ನೂ ಸೌಹಾರ್ದಕ್ಕಾಗಿ ಕರೆದಿಲ್ಲ. ಅಂಗಿ ಹೊಲಿಯಬೇಕಾದವರು ಬರುತ್ತಾರೆ, ಯಂತ್ರ ಖಾಲಿಯಾಗುವವರೆಗೆ ಅಪರಿಚಿತರ ಪಕ್ಕದಲ್ಲಿ ಕಾಯುತ್ತಾರೆ. ಆದರೆ ಕಟ್ಟುವ ದಿನವೇ ಸಿಬ್ಬಂದಿಯ ಸಂಬಳ, ಶುಚಿತ್ವ, ರಿಪೇರಿಗಳಿಗೆ ಪ್ರತಿವರ್ಷದ ಹಣವನ್ನು ತೆಗೆದಿರಿಸದಿದ್ದರೆ ಅಂಥ ಗ್ರಂಥಾಲಯವನ್ನೂ ನಾನು ಬೇಡವೆಂದೇ ಹೇಳುತ್ತೇನೆ.

– ಸಂಪಾದಕ