ಓದುಗರ ಪ್ರಶ್ನೆ: ಪರದೆಯಲ್ಲಿ ಚಂದ್ರ, ನಕ್ಷೆಯಲ್ಲಿ ಭೂಕಂಪ

ಪ್ರಶ್ನೆ: ಆರರಿಂದ ಎಂಟನೇ ತರಗತಿವರೆಗಿನ ಮಕ್ಕಳಿಗೆ ಖಗೋಳ, ಭೂವಿಜ್ಞಾನ ಕಲಿಸಲು ಅಂತರ್ಜಾಲದಲ್ಲಿ ಯಾವ ತಾಣಗಳು ಒಳ್ಳೆಯವು? ಪಟ್ಟಿ ಮಾಡಿಕೊಟ್ಟರೆ ಮಕ್ಕಳು ಒಂದೊಂದನ್ನೂ ಐದು ನಿಮಿಷ ನೋಡಿ ಬಿಟ್ಟುಬಿಡುತ್ತಾರೆ.

ಉತ್ತರ: ಹಾಗಾದರೆ ಪಟ್ಟಿ ಕೊಡಲೇಬೇಡಿ. ಒಂದು ಪ್ರಶ್ನೆ ಕೊಡಿ, ಅದಕ್ಕೊಂದು ತಾಣ ಕೊಡಿ. ಆಕಾಶಕ್ಕೆ, ಯಾವುದೇ ಊರಿನ ಯಾವುದೇ ಹೊತ್ತಿನ ಆಕಾಶವನ್ನು ಪರದೆಯಲ್ಲಿ ತೋರಿಸುವ ಪ್ರೋಗ್ರಾಂ ಸ್ಟೆಲೇರಿಯಂ, ಭೂಕಂಪಕ್ಕೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಸಂಸ್ಥೆಯಾದ ಯುಎಸ್‌ಜಿಎಸ್‌ನ ನಕ್ಷೆ, ಗುರುತ್ವ ಮತ್ತು ಕಕ್ಷೆಗಳಿಗೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್ (ಪರದೆಯಲ್ಲೇ ಮಾಡಿ ನೋಡುವ ಪ್ರಯೋಗ). ಈ ವಯಸ್ಸಿಗೆ ಈ ಮೂರು ಧಾರಾಳವಾಯಿತು. ಮೂರೂ ಉಚಿತ, ಫೆಟ್‌ನ ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ.

ಮೊದಲ ಪ್ರಶ್ನೆ ಚಂದ್ರನದೇ ಆಗಲಿ: ದಿನಾ ಸಂಜೆ ಏಳಕ್ಕೆ ನೋಡಿದರೂ ಅವನು ಒಂದೇ ಜಾಗದಲ್ಲಿ ಯಾಕಿರುವುದಿಲ್ಲ? ಸ್ಟೆಲೇರಿಯಂ ಅನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಬ್ರೌಸರ್‌ನಲ್ಲೇ ತೆರೆಯುವ ಆವೃತ್ತಿಯೂ ಇದೆ, ಆದರೆ ಇಲ್ಲಿ ಹೇಳುವ ಕೀಗಳು ಕಂಪ್ಯೂಟರ್ ಆವೃತ್ತಿಯವು. ಎಫ್6 ಒತ್ತಿ ನೀವಿರುವ ಸ್ಥಳ ಕೊಡಿ. ಎಫ್5 ಒತ್ತಿ, ಅಮಾವಾಸ್ಯೆಯಾದ ಎರಡನೇ ದಿನದ ತಾರೀಕನ್ನೂ ಸಮಯ 19:00 ಎಂದೂ ತುಂಬಿ. 7ನ್ನು ಒತ್ತಿದರೆ ಗಡಿಯಾರ ನಿಲ್ಲುತ್ತದೆ. ಇನ್ನೂ ಬೆಳಕಿದ್ದರೆ ‘ಎ’ ಕೀ ಒತ್ತಿ ವಾತಾವರಣ ತೆಗೆದುಬಿಡಿ. ಈಗ ಪಶ್ಚಿಮಕ್ಕೆ ತಿರುಗಿ ‘=’ ಕೀಯನ್ನು ಒಂದೊಂದು ಸಲ ಒತ್ತುತ್ತಾ ಹೋಗಿ. ಒಂದು ಸಲಕ್ಕೆ ಒಂದು ದಿನ ಮುಂದೆ ಹೋಗುತ್ತದೆ. ಪ್ರತಿ ಸಲವೂ ಚಂದ್ರ ಸುಮಾರು 12 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ, ಬೆಳಗಿದ ಭಾಗವೂ ಹಿಗ್ಗುತ್ತದೆ.

ಹುಣ್ಣಿಮೆ ದಾಟಿದ ಮೇಲೆ ಏಳು ಗಂಟೆಗೆ ಚಂದ್ರ ಮಾಯ. ಪ್ರೋಗ್ರಾಂ ಕೆಟ್ಟಿದೆ ಎಂದು ಮಕ್ಕಳು ಹೇಳುವುದು ಇಲ್ಲೇ. ‘ಜಿ’ ಒತ್ತಿ ನೆಲವನ್ನು ಮರೆಮಾಡಿಸಿ: ಚಂದ್ರ ದಿಗಂತದ ಕೆಳಗೆ ಇದ್ದೇ ಇರುತ್ತಾನೆ, ಆ ಹೊತ್ತಿಗೆ ಹುಟ್ಟಿರುವುದಿಲ್ಲ, ಅಷ್ಟೇ. ಪ್ರತಿದಿನ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ ಎಂಬ ಪಠ್ಯದ ವಾಕ್ಯಕ್ಕೆ ಆಗ ಜೀವ ಬರುತ್ತದೆ. ಕೀ ಒತ್ತುವ ಮೊದಲು ನಾಳೆ ಚಂದ್ರ ಎಲ್ಲಿರುತ್ತಾನೆಂದು ಮಗು ನೋಟ್‌ಬುಕ್ಕಿನಲ್ಲಿ ಚುಕ್ಕೆ ಇಡಲಿ. ಊಹಿಸದೆ ಒತ್ತುತ್ತಾ ಹೋದರೆ ಅದು ಬರೀ ಕಾರ್ಟೂನು.

ಪ್ರಶ್ನೆ: ಪ್ರೋಗ್ರಾಂ ತೋರಿಸುವ ಆಕಾಶಕ್ಕೂ ಹೊರಗಿನ ಆಕಾಶಕ್ಕೂ ತಾಳೆಯಾಗುತ್ತಿಲ್ಲ. ಯಾಕೆ?

ಉತ್ತರ: ಹೆಚ್ಚಾಗಿ ಸ್ಥಳ ತಪ್ಪಾಗಿರುತ್ತದೆ, ಇಲ್ಲವೇ ಸಮಯವಲಯ. ಇಂಟರ್ನೆಟ್ ಸಂಪರ್ಕದಿಂದ ಸ್ಥಳ ಹಿಡಿಯುವ ಪ್ರೋಗ್ರಾಂಗಳು ಎಷ್ಟೋ ಸಲ ಬೇರೆ ಊರನ್ನೇ ಹಿಡಿದುಕೊಳ್ಳುತ್ತವೆ. ಪರೀಕ್ಷೆ ಸುಲಭ: ಸೂರ್ಯ ಮುಳುಗುವ ಹೊತ್ತಿಗೆ ಪ್ರೋಗ್ರಾಂ ತೆರೆಯಿರಿ. ಪರದೆಯ ಸೂರ್ಯ ಇನ್ನೂ ಮೇಲಿದ್ದರೆ ಅಥವಾ ಆಗಲೇ ಮುಳುಗಿ ಗಂಟೆಗಳಾಗಿದ್ದರೆ ಎಫ್6ಕ್ಕೆ ಹಿಂತಿರುಗಿ. ಬಾಹ್ಯಾಕಾಶ ನಿಲ್ದಾಣ ಯಾವಾಗ ಕಾಣುತ್ತದೆಂದು ಹೇಳುವ ಹೆವೆನ್ಸ್ ಅಬವ್ ತಾಣದಲ್ಲೂ ಸ್ಥಳ ತುಂಬದೆ ಸಿಕ್ಕ ವೇಳಾಪಟ್ಟಿ ಕೆಲಸಕ್ಕೆ ಬಾರದು. ಮೊಬೈಲನ್ನು ಆಕಾಶಕ್ಕೆ ಹಿಡಿದು ನೋಡುವವರಾದರೆ ಕವರನ್ನು ಗಮನಿಸಿ. ಅದರಲ್ಲಿ ಅಯಸ್ಕಾಂತದ ಗುಂಡಿ ಇದ್ದರೆ ದಿಕ್ಸೂಚಿ ದಾರಿ ತಪ್ಪುತ್ತದೆ. ಕವರ್ ತೆಗೆದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ನಾಲ್ಕೈದು ಸಲ ತಿರುಗಿಸಿ ನೋಡಿ.

ಪ್ರಶ್ನೆ: ಯುಎಸ್‌ಜಿಎಸ್ ನಕ್ಷೆ ನೋಡಿದ ನನ್ನ ವಿದ್ಯಾರ್ಥಿಗಳು, ಜಗತ್ತಿನಲ್ಲೇ ಅತಿ ಹೆಚ್ಚು ಭೂಕಂಪ ಆಗುವುದು ಕ್ಯಾಲಿಫೋರ್ನಿಯಾ ಮತ್ತು ಅಲಾಸ್ಕಾದಲ್ಲಿ ಎಂದು ಬರೆದಿದ್ದಾರೆ. ಸರಿಯೇ?

ಉತ್ತರ: ಎಣಿಕೆ ಸರಿ, ತೀರ್ಮಾನ ತಪ್ಪು. ಭೂಕಂಪಮಾಪಕಗಳು ಒತ್ತೊತ್ತಾಗಿರುವ ಕಡೆ ಯಾರಿಗೂ ಅರಿವಾಗದ ಸಣ್ಣ ನಡುಕವೂ ದಾಖಲಾಗುತ್ತದೆ. ಅಮೆರಿಕದ ಹೊರಗಿನದಾದರೆ ಈ ಪಟ್ಟಿಗೆ ಬರುವುದು ಬಹುಪಾಲು ತೀವ್ರತೆ 4.5ರ ಆಸುಪಾಸಿನವು ಮತ್ತು ಅದಕ್ಕಿಂತ ದೊಡ್ಡವು. ಹಾಗಾಗಿ ಚುಕ್ಕೆ ಎಣಿಸುವ ಮೊದಲೇ ಸೆಟ್ಟಿಂಗ್ಸ್‌ನಲ್ಲಿ ‘30 ದಿನ, 4.5ಕ್ಕಿಂತ ಹೆಚ್ಚು’ ಎಂಬುದನ್ನು ಆರಿಸಿ. ಭೂಮಿಯ ಹೊರಪದರದ ಫಲಕಗಳ (ಪ್ಲೇಟ್) ಗಡಿರೇಖೆಯನ್ನೂ ಹಾಕಿ. ಆಗ ಚುಕ್ಕೆಗಳು ಪೆಸಿಫಿಕ್ ಸಾಗರದ ಅಂಚಿನುದ್ದಕ್ಕೂ ಸಾಲುಗಟ್ಟುವುದು ಕಾಣುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ, ಈ ತಾಣದ ನಿಜವಾದ ಸಂಪತ್ತು ಆಳದ ಅಂಕಿಯಲ್ಲಿದೆ. ಒಂದೊಂದು ಚುಕ್ಕೆ ಒತ್ತಿದರೂ ಆಳ ಸಿಗುತ್ತದೆ. ಹಳೆಯ ದಾಖಲೆ ಹುಡುಕುವ ಪುಟದಲ್ಲಿ ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯನ್ನು ಚೌಕ ಹಾಕಿ, 5ಕ್ಕಿಂತ ಹೆಚ್ಚು ತೀವ್ರತೆಯ ಕೆಲವು ವರ್ಷಗಳ ಭೂಕಂಪಗಳನ್ನು ತರಿಸಿ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ರೇಖಾಂಶ, ಕೆಳಮುಖವಾಗಿ ಆಳ. ಮೂವತ್ತು ನಲವತ್ತು ಚುಕ್ಕೆ ಸಾಕು, ಆದರೆ ಅಕ್ಷಾಂಶದ ಕಿರಿದಾದ ಪಟ್ಟಿಯಿಂದಲೇ ಆರಿಸಿ. ಉದ್ದ ಕರಾವಳಿಯೆಲ್ಲ ಸೇರಿಸಿದರೆ ಚಿತ್ರ ಕಲಸಿಹೋಗುತ್ತದೆ. ಕಡಲ ಬದಿಯಲ್ಲಿ ಆಳ ಕಡಿಮೆ, ಪೂರ್ವಕ್ಕೆ ಹೋದಂತೆ 100, 200 ಕಿ.ಮೀ., ಕೆಲವೆಡೆ 500ಕ್ಕೂ ಮೀರಿ. ಸಾಗರದ ಫಲಕ ಖಂಡದ ಅಡಿಗೆ ಇಳಿಜಾರಾಗಿ ನುಗ್ಗುತ್ತಿರುವ ಚಿತ್ರ ಮಗುವಿನ ಕೈಯಿಂದಲೇ ಮೂಡುತ್ತದೆ. ಅಟ್ಲಾಂಟಿಕ್ ಸಾಗರದ ನಡುವೆ ಮುಳುಗಿರುವ ಬೆಟ್ಟಸಾಲಿಗೂ ಹೀಗೇ ಮಾಡಿಸಿ, ಅಲ್ಲಿ ಎಲ್ಲವೂ ಮೇಲ್ಪದರದಲ್ಲೇ ಇರುತ್ತವೆ.

ಒಂದು ಎಚ್ಚರಿಕೆ. ಆಳ ‘10 ಕಿ.ಮೀ.’ ಎಂದು ಸರಿಯಾಗಿ ಅದೇ ಅಂಕಿ ಮೇಲಿಂದ ಮೇಲೆ ಬರುತ್ತದೆ. ಚುರುಕಾದ ಮಗು ಇದನ್ನು ಕೇಳಿಯೇ ಕೇಳುತ್ತದೆ. ಆಳ ಖಚಿತವಾಗಿ ಲೆಕ್ಕ ಸಿಗದಿದ್ದಾಗ ಹಾಕುವ ಅಂದಾಜು ಅದು, ಅಳೆದದ್ದಲ್ಲ.

ಪ್ರಶ್ನೆ: ಹಳೆಯ ಪಠ್ಯ ಸಾಮಗ್ರಿಯಲ್ಲಿರುವ ಸಿಮ್ಯುಲೇಶನ್ ಕೊಂಡಿಗಳು ತೆರೆಯುವುದೇ ಇಲ್ಲ.

ಉತ್ತರ: ಅವು ಬ್ರೌಸರಿನಲ್ಲಿ ಅನಿಮೇಶನ್ ಓಡಿಸಲು ಹಿಂದೆ ಬಳಸುತ್ತಿದ್ದ ಫ್ಲ್ಯಾಶ್‌ನಲ್ಲಿ ಮಾಡಿದವಾಗಿರಬಹುದು. ಅಡೋಬಿ ಕಂಪನಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದ್ದು 2020ರ ಡಿಸೆಂಬರ್ 31ಕ್ಕೆ. ‘ಫ್ಲ್ಯಾಶ್ ಪ್ಲೇಯರ್ ಹಾಕಿಕೊಳ್ಳಿ’ ಎಂದು ಕೇಳುವ ಪುಟಗಳನ್ನು ನಂಬಬೇಡಿ, ಹೆಚ್ಚಿನವು ವೈರಸ್ ಇಳಿಸುವ ಬಲೆ. ಅದೇ ವಿಷಯದ, ಬೇರೇನೂ ಹಾಕಿಕೊಳ್ಳದೆ ಬ್ರೌಸರಿನಲ್ಲೇ ತೆರೆಯುವ ಎಚ್‌ಟಿಎಂಎಲ್5 ಆವೃತ್ತಿ ಹುಡುಕಿ.

ಪ್ರಶ್ನೆ: ಭೂಮಿ ಸೂರ್ಯನ ಹತ್ತಿರ ಬಂದಾಗ ಬೇಸಿಗೆ ಎಂದೇ ಮಗ ಹಟ ಹಿಡಿದಿದ್ದಾನೆ. ಯಾವ ತಾಣ ತೋರಿಸಲಿ?

ಉತ್ತರ: ಅವನ ತಪ್ಪಲ್ಲ. ಕಕ್ಷೆಯನ್ನು ಓರೆಯಿಂದ ನೋಡಿದಂತೆ ಮೊಟ್ಟೆಯಾಕಾರದಲ್ಲಿ ಬರೆದ ಚಿತ್ರಗಳೇ ಈ ನಂಬಿಕೆ ಬೆಳೆಸಿವೆ. ಸ್ಟೆಲೇರಿಯಂನಲ್ಲೇ ಅಳೆಯಲು ಹೇಳಿ. ಎಫ್3 ಒತ್ತಿ ಸೂರ್ಯನನ್ನು ಹುಡುಕಿದರೆ ಎಡ ಮೂಲೆಯಲ್ಲಿ ದೂರ ಕಾಣುತ್ತದೆ. ಜನವರಿ ಆರಂಭದಲ್ಲಿ ಸುಮಾರು 14.7 ಕೋಟಿ ಕಿ.ಮೀ., ಜುಲೈ ಆರಂಭದಲ್ಲಿ 15.2 ಕೋಟಿ. ವ್ಯತ್ಯಾಸ ನೂರಕ್ಕೆ ಮೂರರಷ್ಟು ಮಾತ್ರ, ಅದೂ ಉತ್ತರಾರ್ಧ ಗೋಳಕ್ಕೆ ಚಳಿ ಇರುವಾಗಲೇ ಭೂಮಿ ಹತ್ತಿರ. ಆಮೇಲೆ ಎಫ್6ರಲ್ಲಿ ಉತ್ತರ ಅಕ್ಷಾಂಶ 45 ಡಿಗ್ರಿ ಕೊಟ್ಟು ಜೂನ್ 21 ಮತ್ತು ಡಿಸೆಂಬರ್ 21ರಂದು ಸೂರ್ಯ ಅತಿ ಎತ್ತರಕ್ಕೇರಿದಾಗಿನ ಕೋನ ಬರೆದುಕೊಳ್ಳಲಿ: ಸುಮಾರು 68 ಮತ್ತು 22 ಡಿಗ್ರಿ ಸಿಗುತ್ತದೆ. ಗಡಿಯಾರದ ಹನ್ನೆರಡಕ್ಕೇ ಆ ಎತ್ತರ ಬರಬೇಕೆಂದಿಲ್ಲ, ಅರ್ಧ ಗಂಟೆ ಆಚೀಚೆಯೂ ನೋಡಲಿ. ಬೇಸಿಗೆ ತರುವುದು ಈ ಎತ್ತರ, ದೂರವಲ್ಲ ಎಂಬುದು ಆಗ ಅವನಿಗೇ ಗೊತ್ತಾಗುತ್ತದೆ.