ರಿಂಗಿನ ಬದಿಯಿಂದ ರಿಂಗಿನ ಒಳಕ್ಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಪ್ರೊಫೆಷನಲ್ ರೆಸ್ಲಿಂಗ್‌ನಲ್ಲಿ ಹೆಣ್ಣುಮಕ್ಕಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳು ಹೆಚ್ಚುಕಮ್ಮಿ ಕುಸ್ತಿಪಟು ಲೀಟಾ ಸುತ್ತಲೇ ಇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಯಾರು ಗೆಲ್ಲಬೇಕೆಂಬುದು ಅಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಬೀಳುವುದು ಮಾತ್ರ ನಿಜವಾಗಿಯೂ ಬೀಳುವುದೇ.

ಪ್ರಶ್ನೆ: ಲೀಟಾ ಟಿವಿಯಲ್ಲಿ ಮೊದಲು ಕಾಣಿಸಿದ್ದು ಇನ್ನೊಬ್ಬ ಪೈಲ್ವಾನನ ಜೊತೆ ನಡೆದುಬರುವ ವ್ಯಾಲೆಟ್ ಆಗಿ. ಕೆಲವೇ ತಿಂಗಳಲ್ಲಿ ಚಾಂಪಿಯನ್. ಈ ನಡುವೆ ಅಷ್ಟೆಲ್ಲ ಪಟ್ಟು ಕಲಿತದ್ದು ಹೇಗೆ?

ಉತ್ತರ: ನಡುವೆ ಕಲಿತದ್ದಲ್ಲ, ಅದಕ್ಕೂ ಮೊದಲೇ ಕಲಿತಿದ್ದರು. ಲೀಟಾ ಅವರ ನಿಜವಾದ ಹೆಸರು ಏಮಿ ಡ್ಯೂಮಸ್. ಹುಟ್ಟಿದ್ದು 1975ರಲ್ಲಿ, ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ. ಕುಸ್ತಿಪಟು ರೇ ಮಿಸ್ಟೀರಿಯೋ ಜೂನಿಯರ್ ಹಾರಾಟವನ್ನು ಟಿವಿಯಲ್ಲಿ ಕಂಡು ಹತ್ತಿದ ಹುಚ್ಚು 1998ರಲ್ಲಿ ಅವರನ್ನು ಮೆಕ್ಸಿಕೋವರೆಗೂ ಎಳೆದೊಯ್ದಿತು. ಖರ್ಚೆಲ್ಲ ಸ್ವಂತದ್ದು. ಅಲ್ಲಿ ಲೂಚಾ ಲಿಬ್ರೆ, ಅಂದರೆ ಮೆಕ್ಸಿಕೋ ಶೈಲಿಯ ಕುಸ್ತಿ, ಕಲಿತು ವಾಪಸಾದ ಮೇಲೆ ಸಣ್ಣಪುಟ್ಟ ಕಂಪನಿಗಳಲ್ಲಿ ಸಿಕ್ಕ ಕೆಲಸ ಮಾಡಿದರು. ನಾರ್ತ್ ಕೆರೊಲಿನಾದ ಕುಸ್ತಿಪಟುಗಳಾದ ಮ್ಯಾಟ್ ಮತ್ತು ಜೆಫ್ ಹಾರ್ಡಿ ಸೋದರರ ಜೊತೆ ಅಭ್ಯಾಸ ನಡೆಯಿತು. 1999ರಲ್ಲಿ ಇಸಿಡಬ್ಲ್ಯೂ ಎಂಬ ಕುಸ್ತಿ ಕಂಪನಿಯಲ್ಲಿ ಮಿಸ್ ಕಂಜೀನಿಯಾಲಿಟಿ ಎಂಬ ಹೆಸರಲ್ಲಿ ಡ್ಯಾನಿ ಡೋರಿಂಗ್ ಮತ್ತು ರೋಡ್‌ಕಿಲ್ ಜೋಡಿಯ ಬದಿಗೆ ನಿಂತರು. ಜೊತೆಜೊತೆಗೇ ಫ್ಲಾರಿಡಾದ ಓಕಾಲಾದಲ್ಲಿ ಡೋರಿ ಫಂಕ್ ಜೂನಿಯರ್ ಅವರ ಕುಸ್ತಿ ಶಾಲೆಯಲ್ಲಿ ತಳಪಾಯ ಗಟ್ಟಿಮಾಡಿಕೊಂಡರು. ದೊಡ್ಡ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಒಪ್ಪಂದ ಕೈಗೆ ಬಂದದ್ದು ಆ ವರ್ಷದ ನವೆಂಬರ್‌ನಲ್ಲಿ.

ಮೆಕ್ಸಿಕೋದಲ್ಲಿ ಕಲಿತು ಅಮೆರಿಕಕ್ಕೆ ಬರುವವರಿಗೆ ಒಂದು ತೊಡಕಿದೆ, ನೋಡುವವರ ಗಮನಕ್ಕೆ ಅದು ಬರುವುದೇ ಇಲ್ಲ. ಅಮೆರಿಕದಲ್ಲಿ ಎದುರಾಳಿಯ ಎಡಗೈ, ಎಡಗಾಲು ಹಿಡಿದು ಪಟ್ಟು ಹಾಕುತ್ತಾರೆ, ಮೆಕ್ಸಿಕೋದಲ್ಲಿ ಬಲಭಾಗ. ಒಬ್ಬರು ಎಡಕ್ಕೆ ಕೈ ಚಾಚಿ ಇನ್ನೊಬ್ಬರು ಬಲಕ್ಕೆ ಚಾಚಿದರೆ ಮೊದಲ ಹಿಡಿತದಲ್ಲೇ ತಲೆಗೆ ತಲೆ ಡಿಕ್ಕಿ. ಮೈಗೆ ಹತ್ತಿದ್ದನ್ನು ಬಿಡಿಸಿ ಮತ್ತೆ ಕಲಿಸಬೇಕು. ಹೊಸದಾಗಿ ಕಲಿಯುವುದಕ್ಕಿಂತ ಅದು ಕಷ್ಟ.

2000ದ ಫೆಬ್ರವರಿಯಲ್ಲಿ ಕುಸ್ತಿಪಟು ಎಸ್ಸಾ ರಿಯೋಸ್ ಪಕ್ಕದಲ್ಲಿ ಲೀಟಾ ಕಾಣಿಸಿಕೊಂಡರು. ಅದೇ ಪಂದ್ಯದಲ್ಲಿ ರಿಯೋಸ್ ಗಿಲ್‌ಬರ್ಗ್‌ನನ್ನು ಸೋಲಿಸಿ ಲೈಟ್ ಹೆವಿವೇಟ್ ಚಾಂಪಿಯನ್ ಬೆಲ್ಟ್ ಗೆದ್ದ. ಆತ ಮೇಲಿನ ಹಗ್ಗದಿಂದ ಮೂನ್‌ಸಾಲ್ಟ್ (ಹಿಂಪಲ್ಟಿ ಹೊಡೆದು ಎದುರಾಳಿಯ ಮೇಲೆ ಬೀಳುವ ಪಟ್ಟು) ಹಾರಿದರೆ ಬೆನ್ನಿಗೇ ಈಕೆಯೂ ಅದನ್ನೇ ಹಾರುತ್ತಿದ್ದರು. ಜನ ಬೆರಗಾದದ್ದು ಅಲ್ಲಿ. ಆಮೇಲೆ ರಿಯೋಸ್ ತಿರುಗಿಬಿದ್ದ ಕತೆ, ಹಾರ್ಡಿ ಸೋದರರ ಜೊತೆ ಸೇರಿದ್ದು, 2000ದ ಆಗಸ್ಟ್ 21ರಂದು ಸ್ಟೆಫನಿ ಮೆಕ್‌ಮ್ಯಾನ್ ಕೈಯಿಂದ ಹೆಂಗಸರ ಚಾಂಪಿಯನ್ ಬೆಲ್ಟ್ ಕಿತ್ತುಕೊಂಡದ್ದು. ಅಂದರೆ ವ್ಯಾಲೆಟ್ಟೊಬ್ಬಳು ಕುಸ್ತಿ ಕಲಿತಳು ಅನ್ನುವುದು ತಲೆಕೆಳಗು ಮಾತು. ಕುಸ್ತಿ ಬಲ್ಲವಳನ್ನು ಕಂಪನಿ ಮೊದಲು ವ್ಯಾಲೆಟ್ ಮಾಡಿ ನಿಲ್ಲಿಸಿತು, ಅಷ್ಟೇ.

ಪ್ರಶ್ನೆ: ವ್ಯಾಲೆಟ್ ಸುಮ್ಮನೆ ನಿಂತಿರುತ್ತಾಳೆ, ಕೊನೆಗೊಮ್ಮೆ ರೆಫರಿಯ ಗಮನ ಸೆಳೆಯುತ್ತಾಳೆ. ಅದರಲ್ಲಿ ಕಲಿಯುವಂಥದ್ದೇನಿದೆ?

ಉತ್ತರ: ಸುಮ್ಮನೆ ನಿಲ್ಲುವುದೇ ಮೊದಲ ಪಾಠ. ಎಲ್ಲಿ ನಿಲ್ಲಬೇಕು, ಯಾವಾಗ ಕೈಕಾಲು ಆಡಿಸಬಾರದು ಅನ್ನುವುದಕ್ಕೆಲ್ಲ ಲೆಕ್ಕವಿದೆ. ಕದಲದೆ ಒಂದೇ ಕಡೆಯಿಂದ ರಿಂಗನ್ನು ನೋಡುವ ಮುಖ್ಯ ಕ್ಯಾಮೆರಾ ಒಂದಿರುತ್ತದೆ. ಅದಕ್ಕೂ ಕುಸ್ತಿಗೂ ನಡುವೆ ವ್ಯಾಲೆಟ್ ಬರಬಾರದು. ತನ್ನ ಪೈಲ್ವಾನ ಪೆಟ್ಟು ತಿನ್ನುವಾಗ ಏಪ್ರನ್ (ಹಗ್ಗದಾಚೆಗಿನ ರಿಂಗಿನ ಅಂಚು) ಬಡಿದು ಚಪ್ಪಾಳೆ ಎಬ್ಬಿಸಬೇಕು, ಸರಿ. ಆದರೆ ಎದುರಾಳಿ ಒಂದು ದೊಡ್ಡ ಪಟ್ಟು ಹಾಕುವ ಕ್ಷಣದಲ್ಲಿ ಈಕೆ ಕೂಗಾಡಿದರೆ ಕಣ್ಣೆಲ್ಲ ಈ ಕಡೆ ಹೊರಳಿ ಆ ಪಟ್ಟು ಹಾಳು. ಹೊಸಬರು ಮಾಡುವ ತಪ್ಪು ಇದೇ. ತಮ್ಮನ್ನು ನೋಡಲಿ ಎಂದು ಎಡೆಬಿಡದೆ ಏನಾದರೂ ಮಾಡುತ್ತಲೇ ಇರುತ್ತಾರೆ.

ಇನ್ನು ರೆಫರಿಯ ಗಮನ ಸೆಳೆಯುವ ಕೆಲಸ. ರಿಂಗ್ ನೆಲದಿಂದ 3ರಿಂದ 4 ಅಡಿ ಎತ್ತರ. ಏಪ್ರನ್ ಒಂದು ಹೆಜ್ಜೆಯಷ್ಟೇ ಅಗಲ. ಅಂಗೈ ಊರಿ, ಮಂಡಿ ಏರಿಸಿ, ಮೇಲಿನ ಹಗ್ಗ ಹಿಡಿದೇ ಎದ್ದು ನಿಲ್ಲಬೇಕು. ಎರಡೂ ಕೈ ಹಗ್ಗ ಬಿಡಬಾರದು, ಏಕೆಂದರೆ ಒಳಗೆ ಯಾರಾದರೂ ಅದೇ ಹಗ್ಗಕ್ಕೆ ಓಡಿಬಂದು ಬೆನ್ನು ಕೊಟ್ಟರೆ ಅದು ಹೊರಕ್ಕೆ ಜಗ್ಗಿ ಈಕೆಯನ್ನು ನೆಲಕ್ಕೆ ಎಸೆಯುತ್ತದೆ. ಕೆಳಗಿರುವುದು ಕಾಂಕ್ರೀಟ್, ಮೇಲೆ ತೆಳ್ಳನೆಯ ಮ್ಯಾಟು. ಎತ್ತರದ ಹಿಮ್ಮಡಿ ಹಾಕಿದ್ದರಂತೂ ಪಾದ ಹೊರಳುವುದು ಬಹಳ ಸುಲಭ.

ಹತ್ತುವ ಸಮಯ ಇಬ್ಬರು ಕುಸ್ತಿಪಟುಗಳ ಜೊತೆ ಮೊದಲೇ ಗೊತ್ತುಮಾಡಿದ್ದು. ಉದಾಹರಣೆಗೆ, ಎರಡನೇ ಸಲ ಎದುರಾಳಿಯನ್ನು ಮೂಲೆಗೆ ಎಸೆದ ಕೂಡಲೇ ಹತ್ತಬೇಕೆಂದು ಇಟ್ಟುಕೊಳ್ಳಿ. ಬೇಗ ಹತ್ತಿದರೆ ಒಳಗಿನವರು ಇನ್ನೂ ಸಿದ್ಧವಾಗಿರುವುದಿಲ್ಲ. ರೆಫರಿಗೂ ಆಕೆಗೂ ಮಾತು ಮುಗಿದು ಇಬ್ಬರೂ ಮುಖ ಮುಖ ನೋಡುತ್ತಾರೆ. ತಡವಾದರೆ ಇನ್ನೂ ಕೆಟ್ಟದ್ದು: ಮೋಸದ ಏಟು ರೆಫರಿಯ ಕಣ್ಣೆದುರೇ ಬೀಳುತ್ತದೆ, ನೋಡಿಯೂ ಸುಮ್ಮನಿದ್ದರೆ ರೆಫರಿ ಪೆದ್ದನಾಗಿ ಕಾಣುತ್ತಾನೆ, ಕತೆ ಅಲ್ಲಿಗೇ ಬಿದ್ದುಹೋಗುತ್ತದೆ. ನಟನೆಗಿಂತ ಇಲ್ಲಿ ಬೇಕಾದದ್ದು ಕಿವಿ. ಬೆನ್ನ ಹಿಂದೆ ಮ್ಯಾಟು ಸದ್ದು ಮಾಡಿತೆಂದರೆ ಕೆಲಸ ಆಯಿತು, ಇಳಿಯಬಹುದು.

ಜನರಿಗೆ ಕಾಣದ ಕೆಲಸ ಇನ್ನೊಂದಿದೆ. ಪೈಲ್ವಾನ ಹೊರಗೆ ಬಿದ್ದಾಗ ಮೊದಲು ಹತ್ತಿರ ಹೋಗುವವಳು ವ್ಯಾಲೆಟ್. ಬಾಗಿ ಅಳುವ ಹಾಗೆ ಮಾಡುತ್ತಲೇ "ಸರಿಯಿದ್ದೀಯಾ" ಎಂದು ಕೇಳುತ್ತಾಳೆ. ಉತ್ತರ ಬರದಿದ್ದರೆ ರೆಫರಿಗೆ ಸನ್ನೆ. ಆತ ತಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದನೆಂದರೆ ಪೆಟ್ಟು ನಿಜ ಎಂದರ್ಥ.

ಪ್ರಶ್ನೆ: ಲೀಟಾ ತನಗಿಂತ ಎಷ್ಟೋ ಭಾರದ ಗಂಡಸರನ್ನು ಹರಿಕೇನ್‌ರಾನಾ ಹಾಕಿ ಉರುಳಿಸುತ್ತಾರಲ್ಲ. ಕಾಲಿನಲ್ಲಿ ಅಷ್ಟು ಬಲವಿರುತ್ತದೆಯೇ?

ಉತ್ತರ: ಇಲ್ಲ. ಆ ಗಂಡಸರು ತಾವೇ ಉರುಳುತ್ತಾರೆ. ಹಾರುವವಳು ಎದುರಾಳಿಯ ಹೆಗಲೇರಿ, ತೊಡೆಗಳನ್ನು ಅವನ ತಲೆಯ ಎರಡೂ ಬದಿಗೆ ಬಿಗಿದು, ಹಿಂದಕ್ಕೆ ಬಾಗಿ ಅವನ ಕಾಲುಗಳ ನಡುವೆ ತಲೆ ತೂರುವಂತೆ ಇಳಿಯುತ್ತಾಳೆ. ಕೆಳಗಿನವನಿಗೆ ಬೇಸ್ ಎನ್ನುತ್ತಾರೆ. ಕೆಲಸದ ಮುಕ್ಕಾಲು ಪಾಲು ಅವನದು. ಆಕೆಯ ತೊಡೆ ಹಿಡಿದು ಮೊದಲು ನೆಟ್ಟಗೆ ನಿಲ್ಲಬೇಕು. ಆಕೆ ಹಿಂದಕ್ಕೆ ವಾಲಿ ಕೆಳಗಿಳಿದು ಎಳೆತ ಕೊಟ್ಟ ಮೇಲೆ ಗಲ್ಲ ಎದೆಗೆ ಒತ್ತಿ ತಾನೇ ಮುಂದಕ್ಕೆ ಪಲ್ಟಿ ಹೊಡೆದು ಬೆನ್ನ ಮೇಲೆ ಬೀಳಬೇಕು.

ಎಡವಟ್ಟಾಗುವುದು ಎರಡು ಕಡೆ. ಬೇಸ್ ಆತುರಪಟ್ಟು ಬೇಗ ಬಗ್ಗಿದರೆ ಆಕೆಗೆ ತಿರುಗಲು ಎತ್ತರವೇ ಉಳಿಯುವುದಿಲ್ಲ, ತಲೆ ನೇರ ಮ್ಯಾಟಿಗೆ. ಹೆದರಿ ಹಿಡಿತ ಸಡಿಲಿಸಿದರೆ ಆಕೆ ಅರ್ಧದಲ್ಲೇ ಜಾರಿ ಕುತ್ತಿಗೆಯ ಮೇಲೆ ಬೀಳುತ್ತಾಳೆ. 2002ರ ಏಪ್ರಿಲ್‌ನಲ್ಲಿ ಲೀಟಾ ಅವರ ಕುತ್ತಿಗೆಯ ಮೂಳೆಗಳು ಬಿರುಕುಬಿಟ್ಟದ್ದು ಇದೇ ಪಟ್ಟಿನಲ್ಲಿ, ಅದೂ ರಿಂಗಿನಲ್ಲಲ್ಲ. ಡಾರ್ಕ್ ಏಂಜೆಲ್ ಎಂಬ ಟಿವಿ ಸರಣಿಯ ಹೊಡೆದಾಟದ ದೃಶ್ಯಕ್ಕೆ ತಾಲೀಮು ಮಾಡುವಾಗ ಸ್ಟಂಟ್ ಕಲಾವಿದೆಯ ಹೆಗಲಿನಿಂದ ಬಿದ್ದರು. ಮತ್ತೆ ರಿಂಗಿಗೆ ಮರಳಿದ್ದು 2003ರ ಸೆಪ್ಟೆಂಬರ್‌ನಲ್ಲಿ. ನೂರಾರು ಸಲ ಸಲೀಸಾಗಿ ಮಾಡಿದ ಪಟ್ಟು ಅದು. ಹಾರುವವಳು ಎಷ್ಟೇ ಪಳಗಿರಲಿ, ಕೆಳಗಿನವರು ಪಳಗಿಲ್ಲದಿದ್ದರೆ ಏನೂ ಮಾಡುವಂತಿಲ್ಲ.

ಪ್ರಶ್ನೆ: ಮಗಳಿಗೆ ಹದಿನೈದು. ಟಿವಿ ನೋಡಿ ಮಂಚದ ಹಾಸಿಗೆಯ ಮೇಲೆ ಬೀಳುವುದನ್ನು ಅಭ್ಯಾಸ ಮಾಡುತ್ತಾಳೆ. ಮೆತ್ತಗಿದೆಯಲ್ಲ, ಅಪಾಯವಿಲ್ಲ ತಾನೇ?

ಉತ್ತರ: ಮೆತ್ತಗಿರುವುದೇ ಅಪಾಯ, ಇವತ್ತೇ ನಿಲ್ಲಿಸಿ. ಹಾಸಿಗೆಯಲ್ಲಿ ಬೆನ್ನು ಹುದುಗಿ ಕುತ್ತಿಗೆ ಮಡಚಿಕೊಳ್ಳುತ್ತದೆ, ಮೇಲಾಗಿ ಹೇಗೆ ಬಿದ್ದರೂ ನೋವಾಗದೆ ತಪ್ಪು ಅಭ್ಯಾಸವೇ ಗಟ್ಟಿಯಾಗುತ್ತದೆ. ರಿಂಗಿನ ಹಾಸು ಬೇರೆಯೇ: ಉಕ್ಕಿನ ತೊಲೆ, ಅದರ ಮೇಲೆ ಹಲಗೆ, ತೆಳುವಾದ ಫೋಮ್, ಮೇಲೆ ಬಿಗಿಯಾದ ಕ್ಯಾನ್‌ವಾಸ್. ಹಲಗೆ ಒಂದಿಷ್ಟು ಬಾಗಿ ಏಟನ್ನು ಹೀರುತ್ತದೆ.

ಕುಸ್ತಿ ಶಾಲೆಯಲ್ಲಿ ಬೆನ್ನ ಬಂಪ್, ಅಂದರೆ ಬೆನ್ನ ಮೇಲೆ ಬೀಳುವುದು, ಕಲಿಸುವುದು ಕುಕ್ಕರಗಾಲಿನಿಂದ. ಗಲ್ಲ ಎದೆಗೆ ಒತ್ತಿ, ಹಿಂದಕ್ಕೆ ಹೊರಳಿ, ಬೆನ್ನಿನ ಮೇಲ್ಭಾಗ ಅಗಲವಾಗಿ ತಾಗುವಾಗಲೇ ಎರಡೂ ಅಂಗೈಯಿಂದ ಮ್ಯಾಟು ಬಡಿಯಬೇಕು. ತೋಳು ಮೈಯಿಂದ ಸುಮಾರು 45 ಡಿಗ್ರಿ ದೂರ. ಬಾಯಿಂದ ಉಸಿರು ಹೊರಗೆ. ತಡೆಹಿಡಿದರೆ ಎದೆ ಬಿಗಿದು ಉಸಿರೇ ಸಿಗುವುದಿಲ್ಲ. ಅದು ಕೈಗೆ ಹತ್ತಿದ ಮೇಲಷ್ಟೇ ನಿಂತು ಬೀಳುವುದು. ಹೆದರಿಕೆಗೆ ಹಿಂದೆ ಕೈ ಊರಿದರೆ ಮಣಿಕಟ್ಟು ಮುರಿಯುತ್ತದೆ, ಸೊಂಟ ಮೊದಲು ತಾಗಿದರೆ ಬಾಲದ ಮೂಳೆ, ಗಲ್ಲ ಬಿಟ್ಟರೆ ತಲೆ ಚಾಟಿಯಂತೆ ಹಿಂದಕ್ಕೆ ಬಡಿದು ಮಿದುಳಿಗೆ ಪೆಟ್ಟು. ಇದಿಷ್ಟನ್ನೂ ಪಕ್ಕದಲ್ಲಿ ನಿಂತು ನೋಡುವ ಗುರು ಬೇಕು. ಅಲ್ಲಿಯವರೆಗೆ ಬಸ್ಕಿ, ದಂಡ, ಮುಂದಕ್ಕೆ ಉರುಳುವುದು, ಕುತ್ತಿಗೆ ಬಲಪಡಿಸುವ ವ್ಯಾಯಾಮ. ಜಿಮ್ನಾಸ್ಟಿಕ್ಸ್ ಅಥವಾ ಜೂಡೋ ತರಗತಿ ಸಿಕ್ಕರೆ ಇನ್ನೂ ಒಳ್ಳೆಯದು. ಜೂಡೋದಲ್ಲಿ ಬೀಳುವುದನ್ನೇ ಮೊದಲು ಹೇಳಿಕೊಡುತ್ತಾರೆ.

ಪ್ರಶ್ನೆ: ಶೆರಿ ಮಾರ್ಟೆಲ್ ಚಾಂಪಿಯನ್ ಆಗಿದ್ದವರು ಆಮೇಲೆ ವ್ಯಾಲೆಟ್ ಆದರು. ಅದು ಹಿಂಬಡ್ತಿಯಲ್ಲವೇ?

ಉತ್ತರ: ಹೊರಗಿನಿಂದ ಹಾಗೆ ಕಾಣುತ್ತದೆ. 1987ರ ಜುಲೈನಲ್ಲಿ ಫ್ಯಾಬುಲಸ್ ಮೂಲಾರನ್ನು ಸೋಲಿಸಿ ಬೆಲ್ಟ್ ಗೆದ್ದ ಶೆರಿ, 1988ರ ಅಕ್ಟೋಬರ್‌ನಲ್ಲಿ ರಾಕಿನ್ ರಾಬಿನ್‌ಗೆ ಸೋತರು. ಆಗಲೇ ಡಬ್ಲ್ಯೂಡಬ್ಲ್ಯೂಎಫ್ ಕಂಪನಿಗೆ ಹೆಂಗಸರ ಕುಸ್ತಿಯಲ್ಲಿ ಆಸಕ್ತಿ ಬತ್ತಿತ್ತು. 1990ರಲ್ಲಿ ಬೆಲ್ಟನ್ನೇ ಮೂಲೆಗಿಟ್ಟರು, 1993ರ ಕೊನೆಯವರೆಗೂ ತೆಗೆಯಲಿಲ್ಲ. 1989ರಿಂದ ರ‍್ಯಾಂಡಿ ಸ್ಯಾವೇಜ್, ನಂತರ ಟೆಡ್ ಡಿಬಿಯಾಸಿ, ಶಾನ್ ಮೈಕಲ್ಸ್‌ರಂಥ ಹೆಸರಾಂತ ಪೈಲ್ವಾನರ ಪಕ್ಕ ನಿಂತದ್ದರಿಂದಲೇ ಶೆರಿ ದೊಡ್ಡ ಪಂದ್ಯಗಳಲ್ಲಿ ಉಳಿದರು.

ಅವರಿಗೂ ಇನ್ನೊಬ್ಬ ವ್ಯಾಲೆಟ್ ಮಿಸ್ ಎಲಿಜಬೆತ್‌ಗೂ ಇದ್ದ ವ್ಯತ್ಯಾಸ ನೋಡಿ. 1985ರಿಂದ ಸ್ಯಾವೇಜ್ ಪಕ್ಕದಲ್ಲಿದ್ದ ಎಲಿಜಬೆತ್ ಕುಸ್ತಿಪಟುವಲ್ಲ. ಮೌನ, ಆತಂಕದ ಕಣ್ಣು, ಅಷ್ಟರಲ್ಲೇ ಕೆಲಸ ಸಾಧಿಸಿದರು. ಶೆರಿ ಬಂಪ್ ತೆಗೆದುಕೊಳ್ಳಬಲ್ಲವರು. ಎದುರಾಳಿ ಎತ್ತಿ ಎಸೆದರೆ ಅಬ್ಬರವಾಗಿ ಬೀಳುತ್ತಿದ್ದರು, ಆ ಒಂದು ಬೀಳುವಿಕೆಗೆ ಇಡೀ ಸಭಾಂಗಣ ಎದ್ದು ನಿಲ್ಲುತ್ತಿತ್ತು. ನಮ್ಮ ಪ್ರಕಾರ ಕುಸ್ತಿ ಬಲ್ಲ ವ್ಯಾಲೆಟ್ ಅಂದರೆ ಶೆರಿಯೇ, ಮಿಕ್ಕವರೆಲ್ಲ ಆಮೇಲೆ.

ಪ್ರಶ್ನೆ: ಲೀಟಾ ಅವರ ಎದುರಾಳಿ ಟ್ರಿಶ್ ಸ್ಟ್ರಾಟಸ್ ಕೂಡ ಹೀಗೇ ಮೊದಲೇ ಕಲಿತು ಬಂದವರೇ? ಅವರಿಬ್ಬರ ಪಂದ್ಯದಲ್ಲಿ ಲೀಟಾ ತಲೆಕೆಳಗಾಗಿ ಬಿದ್ದದ್ದು ಬೇಕೆಂದೇ ಮಾಡಿದ್ದೇ?

ಉತ್ತರ: ಟ್ರಿಶ್ ದಾರಿ ಬೇರೆ. ಟೊರಾಂಟೋದ ಫಿಟ್‌ನೆಸ್ ಮಾಡೆಲ್. ಒಪ್ಪಂದವಾದದ್ದು ಲೀಟಾ ಅವರಿಗಾದ ಅದೇ 1999ರ ನವೆಂಬರ್‌ನಲ್ಲಿ, ಪಟ್ಟು ಕಲಿತದ್ದು ಅಲ್ಲಿನ ಸಲ್ಲೀಸ್ ಜಿಮ್‌ನಲ್ಲಿ ರಾನ್ ಹಚಿಸನ್ ಹತ್ತಿರ. 2000ದ ಮಾರ್ಚ್‌ನಲ್ಲಿ ಟೆಸ್ಟ್ ಮತ್ತು ಆಲ್ಬರ್ಟ್ ಜೋಡಿಯ ಮ್ಯಾನೇಜರ್ ಆಗಿ ಬಂದು ಮೊದಲ ಬೆಲ್ಟ್ ಗೆಲ್ಲುವಷ್ಟರಲ್ಲಿ 2001ರ ನವೆಂಬರ್ ಆಗಿತ್ತು. ಲೀಟಾ ಆರು ತಿಂಗಳಲ್ಲಿ ಮುಟ್ಟಿದ್ದಕ್ಕೆ ಇವರಿಗೆ ಇಪ್ಪತ್ತು ತಿಂಗಳು. ಕಲಿಕೆಯೆಲ್ಲ ಜನರ ಕಣ್ಣೆದುರೇ ನಡೆಯಿತಲ್ಲ, ಅದಕ್ಕೆ.

2004ರ ಡಿಸೆಂಬರ್ 6ರ ಆ ಡೈವ್ ಬೇಕೆಂದು ಮಾಡಿದ್ದಲ್ಲ. ಹಗ್ಗಗಳ ನಡುವೆ ತೂರಿ ಹೊರಗಿರುವವರ ಎದೆಗೆ ಅಪ್ಪಳಿಸುವ ಹಾರಾಟ ಅದು. ಮೈ ಚಪ್ಪಟೆಯಾಗಿ ಸಾಗಬೇಕು, ಹೊರಗಿರುವವರು ಎರಡೂ ಕೈಯಿಂದ ಹಿಡಿಯಬೇಕು. ಅಂದು ಕಾಲು ಮೇಲೆದ್ದು ಮೈ ಪೂರ್ತಿ ಮಗುಚಿ, ಕುತ್ತಿಗೆಯ ಮೇಲೇ ನೆಲಕ್ಕೆ ಬಿದ್ದರು. ಅದೂ 2002ರಲ್ಲಿ ಬಿರುಕುಬಿಟ್ಟಿದ್ದ ಕುತ್ತಿಗೆ. ಆಮೇಲೂ ರಿಂಗಿಗೆ ಮರಳಿ ಪಂದ್ಯ ಮುಂದುವರಿಸಿದರು. ಕೊನೆಗೆ ಮೇಲಿನ ಹಗ್ಗ ಹತ್ತಿ, ಟ್ರಿಶ್‌ಗೆ ಬೆನ್ನು ಮಾಡಿ ನಿಂತು, ರಿಯೋಸ್ ಜೊತೆಗಿದ್ದಾಗಿನಿಂದ ಹಾರುತ್ತಿದ್ದ ಅದೇ ಮೂನ್‌ಸಾಲ್ಟ್‌ನಿಂದ ಬೆಲ್ಟ್ ಗೆದ್ದರು.