“ವರ್ಸಾಚೆ” ಅಂತ ಕರೆದರೂ ನಾಯಿ ತಿರುಗಿ ನೋಡಲ್ಲ, ಏನು ಮಾಡಲಿ?

ನಾಯಿಗೆ ಫ್ಯಾಷನ್ ಬ್ರ್ಯಾಂಡುಗಳ ಹೆಸರಿಡುವ ಬಗ್ಗೆ ಪ್ರಶ್ನೆಗಳು ನಿಲ್ಲುತ್ತಲೇ ಇಲ್ಲ. ಗುಚ್ಚಿ ಚೆನ್ನಾಗಿರುತ್ತಾ, ಪ್ರಾಡಾ ಚೆನ್ನಾಗಿರುತ್ತಾ, ಶನೆಲ್ ಅಂತ ಗಂಡು ನಾಯಿಗೆ ಇಡಬಹುದಾ? ಕೇಳುವವರು ಬೇರೆ, ಪ್ರಶ್ನೆ ಅದೇ. ಹೆಸರು ಹುಡುಕೋಕೆ ವಾರಗಟ್ಟಲೆ ತಲೆ ಕೆಡಿಸಿಕೊಂಡವರು ಆ ಹೆಸರನ್ನು ನಾಯಿಗೆ ಕಲಿಸೋಕೆ ಒಂದು ದಿನವನ್ನೂ ಕೊಟ್ಟಿರುವುದಿಲ್ಲ. ನಾಯಿಗಳಿಗೆ ಪಾಠ ಹೇಳುವ ಕೆಲಸದಲ್ಲಿರುವ ನನಗೆ ಸಿಟ್ಟು ಬರುವುದು ಇದಕ್ಕೇ. ಈ ಸಲ ಒಂದು ಪತ್ರಕ್ಕೆ ಉದ್ದ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಎಷ್ಟು ಬೇಕೋ ಅಷ್ಟು.

ಪ್ರಶ್ನೆ: ಮೇಡಂ, ನಮ್ಮದು ಐದು ತಿಂಗಳ ಗಂಡು ಲ್ಯಾಬ್ರಡಾರ್. ನನಗೆ ಫ್ಯಾಷನ್ ಹುಚ್ಚು, ಅದಕ್ಕೇ ವರ್ಸಾಚೆ ಅಂತ ಹೆಸರಿಟ್ಟೆ. ನನ್ನ ಗಂಡ “ವರ್ಸೇಸ್” ಅಂತಾರೆ, ಮಗಳು “ವರ್ಸಿ” ಅಂತಾಳೆ, ನಮ್ಮತ್ತೆಗೆ ವರ್ಸಾಚೆ, ವರ್ಸೇಸ್ ಎರಡೂ ಬಾಯಿಗೆ ಬರಲ್ಲ, ಅವರು “ಪಾಪು” ಅಂತಾರೆ. ಯಾರು ಕರೆದರೂ ಬರಲ್ಲ. ಊಟದ ತಟ್ಟೆ ಸದ್ದಾದರೆ ಮಾತ್ರ ಎಲ್ಲಿದ್ದರೂ ಓಡಿ ಬರುತ್ತೆ. ಹೆಸರಿನ ಸಂಖ್ಯೆ ಸರಿಯಿಲ್ಲ, ಇನ್ನೊಂದು ಅಕ್ಷರ ಸೇರಿಸಿದರೆ ಸರಿಹೋಗುತ್ತೆ ಅಂತ ಸಂಖ್ಯಾಶಾಸ್ತ್ರದವರೊಬ್ಬರು ಹೇಳಿದ್ದಾರೆ. ಹೆಸರು ಬದಲಾಯಿಸಬಹುದಾ? ಬದಲಾಯಿಸಿದರೆ ನಾಯಿ ಮನಸ್ಸಿಗೆ ನೋವಾಗುತ್ತಾ?

ಉತ್ತರ: ಮೊದಲು ಆ ಸಂಖ್ಯಾಶಾಸ್ತ್ರದವರ ಸಹವಾಸ ಬಿಡಿ. ನಾಯಿಗೆ ಓದೋಕೆ ಬರಲ್ಲ. ಕಾಗದದ ಮೇಲೆ ನೀವು ಎಷ್ಟು ಅಕ್ಷರ ಸೇರಿಸಿದರೂ ಅದರ ಕಿವಿಗೆ ಬೀಳುವ ಸದ್ದು ಅದೇ. ಮಾತು ಬಾರದ ಪ್ರಾಣಿಯ ಹೆಸರಲ್ಲಿ ದುಡ್ಡು ಕೀಳುವವರನ್ನು ಕಂಡರೆ ನನಗೆ ಆಗಲ್ಲ. ಅವರ ಮಾತು ನಂಬಿ ಕೂತವರ ಮನೆಯ ನಾಯಿ ಕಲಿಯಬೇಕಾದ ವಯಸ್ಸಿನಲ್ಲಿ ಏನೂ ಕಲಿಯದೆ ಬೆಳೆದುಬಿಡುತ್ತದೆ.

ನಿಮಗೆ ಬೇಕಾದ ಉತ್ತರ ನಿಮ್ಮ ಪತ್ರದಲ್ಲೇ ಇದೆ. ತಟ್ಟೆ ಸದ್ದಿಗೆ ನಾಯಿ ಓಡಿ ಬರುತ್ತೆ ಅಂದಿರಲ್ಲ, ಆ ಸದ್ದನ್ನು ನೀವು ಕಲಿಸಿದ್ದೀರಾ? ಇಲ್ಲ. ಅದು ಪ್ರತಿಸಲ ಒಂದೇ ಥರ ಕೇಳುತ್ತದೆ, ಕೇಳಿದಾಗಲೆಲ್ಲ ಊಟ ಸಿಗುತ್ತದೆ. ಅಷ್ಟು ಸಾಕು. ಈಗ ವರ್ಸಾಚೆ ಅನ್ನುವ ಹೆಸರನ್ನು ನೋಡಿ. ನಾಲ್ಕು ಜನ ನಾಲ್ಕು ಸದ್ದು ಮಾಡುತ್ತೀರಿ. ಆ ಸದ್ದಿನ ಹಿಂದೆ ಒಂದು ಸಲ ಮುದ್ದು ಬರುತ್ತದೆ, ಒಂದು ಸಲ ಬೈಗುಳ, ಒಂದು ಸಲ ಸ್ನಾನ, ಹೆಚ್ಚಿನ ಸಲ ಏನೂ ಬರಲ್ಲ. ಇದರಲ್ಲಿ ನಾಯಿ ಯಾವುದನ್ನು ಹಿಡಿದುಕೊಳ್ಳಬೇಕು ಹೇಳಿ? ಅದು ನಿಮ್ಮನ್ನು ಕಡೆಗಣಿಸುತ್ತಿಲ್ಲ. ಆ ಸದ್ದು ತನಗೆ ಸಂಬಂಧಿಸಿದ್ದು ಅಂತ ಅದಕ್ಕೆ ಇನ್ನೂ ಗೊತ್ತೇ ಆಗಿಲ್ಲ.

ನಾಯಿಯ ಕಿವಿ ಸೂಕ್ಷ್ಮ ನಿಜ. ನಮಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ಅದಕ್ಕೆ ಸುಮಾರು 45,000ದವರೆಗೂ ಕೇಳುತ್ತದೆ. ಆದರೆ ಸದ್ದು ಕೇಳುವುದು ಬೇರೆ, ಮಾತಿನ ಒಂದೊಂದು ಅಕ್ಷರವನ್ನೂ ಬಿಡಿಸಿಕೊಳ್ಳುವುದು ಬೇರೆ. ಹಂಗೇರಿಯ ಬುಡಾಪೆಸ್ಟ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಯಿಗಳ ತಲೆಗೆ ಮಿದುಳಿನ ವಿದ್ಯುತ್ ಸಂಕೇತ ಹಿಡಿಯುವ ಎಲೆಕ್ಟ್ರೋಡ್‌ಗಳನ್ನು ಅಂಟಿಸಿ ಅವಕ್ಕೆ ಮಾತು ಕೇಳಿಸಿದರು. ಗೊತ್ತಿರುವ ಪದಕ್ಕೂ ಪೂರ್ತಿ ಬೇರೆ ಥರದ ಅರ್ಥವಿಲ್ಲದ ಪದಕ್ಕೂ ಮಿದುಳು ಬೇರೆಬೇರೆಯಾಗಿ ಸ್ಪಂದಿಸಿತು. ಗೊತ್ತಿರುವ ಪದದಲ್ಲಿ ಒಂದೇ ಒಂದು ಧ್ವನಿ ಬದಲಾಯಿಸಿದಾಗ ಮಾತ್ರ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಅತ್ತೆ ಕೊನೆಯ ಅಕ್ಷರ ಸ್ವಲ್ಪ ಎಳೆದರೆ ತೊಂದರೆಯಿಲ್ಲ. ಆದರೆ ವರ್ಸೇಸ್‌ಗೂ ಪಾಪುವಿಗೂ ಏನು ಸಂಬಂಧ?

ಇನ್ನೊಂದು ವಿಷಯವನ್ನು ಯಾರೂ ಗಮನಿಸುವುದಿಲ್ಲ. ವರ್ಸಾಚೆಯ ಕೊನೆಗೆ “ಚೆ” ಇದೆ, ಗುಚ್ಚಿಯ ಕೊನೆಗೆ “ಚ್ಚಿ” ಇದೆ. ನಾಯಿ ಕಾರ್ಪೆಟ್ ಮೇಲೆ ಉಚ್ಚೆ ಹೊಯ್ದಾಗ ನಮ್ಮ ಬಾಯಿಂದ ಬರುವುದು “ಛೆ”, “ಛೀ”. ದಿನಕ್ಕೆ ಎಷ್ಟು ಸಲ ಅನ್ನುತ್ತೀರಿ, ಯೋಚಿಸಿ. ಹೆಸರು ಕೇಳಿದರೆ ಕಿವಿ ಹಿಂದಕ್ಕೆ ಮಡಚಿ ನೆಲ ನೋಡುವ ಗುಚ್ಚಿಗಳನ್ನು ನಾನು ಕಂಡಿದ್ದೇನೆ. ಪಾಪ, ಅವು ಹೆಸರನ್ನೇ ಬೈಗುಳ ಅಂದುಕೊಂಡಿವೆ.

ಹಾಗಾಗಿ ನಿಮ್ಮ ಮನೆಗೆ ನನ್ನ ತೀರ್ಮಾನ ಇದು. ಕಾಗದದಲ್ಲಿ ವರ್ಸಾಚೆ ಅಂತಲೇ ಇರಲಿ. ತಳಿಯ ನೋಂದಣಿ ಪತ್ರದಲ್ಲಿ ಒಂದು ಉದ್ದ ಹೆಸರು, ಮನೆಯಲ್ಲಿ ಕರೆಯೋಕೆ ಒಂದು ಚಿಕ್ಕ ಹೆಸರು ಇರುವುದು ನಾಯಿ ಸಾಕುವವರಲ್ಲಿ ಮೊದಲಿನಿಂದಲೂ ಇದೆ. ಕರೆಯೋಕೆ ನಿಮ್ಮ ಮಗಳ “ವರ್ಸಿ”ಯನ್ನೇ ಇಟ್ಟುಕೊಳ್ಳಿ. ಎರಡೇ ಅಕ್ಷರ, ಅತ್ತೆಗೂ ಹೇಳೋಕೆ ಬರುತ್ತದೆ. ಚಿಕ್ಕ ಹೆಸರಿಟ್ಟರೆ ಸ್ಟೈಲ್ ಕಮ್ಮಿಯಾಗುತ್ತೆ ಅಂತ ದಯವಿಟ್ಟು ಅನ್ನಬೇಡಿ. ಪ್ಯಾರಿಸ್ಸಿನ ಕ್ರಿಸ್ಟಿಯಾನ್ ಡಿಯೋರ್ ತನ್ನ ನಾಯಿಯನ್ನು ಬಾಬಿ ಅಂತ ಕರೆಯುತ್ತಿದ್ದ. ಇಟಲಿಯ ವಾಲೆಂಟಿನೋ ತನ್ನ ಪಗ್ ನಾಯಿಗೆ ಆಲಿವರ್ ಅಂತ ಹೆಸರಿಟ್ಟು, ಆಮೇಲೆ ಆ ಹೆಸರನ್ನೇ ತನ್ನ ಒಂದು ಬಟ್ಟೆ ಸಾಲಿಗೆ ಕೊಟ್ಟ. ಫ್ಯಾಷನ್ನನ್ನೇ ಕಟ್ಟಿದವರು ಇವರು. ನಾಯಿ ವಿಷಯಕ್ಕೆ ಬಂದಾಗ ಬಾಯಿಗೆ ಸುಲಭವಾದದ್ದನ್ನೇ ಆರಿಸಿಕೊಂಡರು.

ಈಗ ಕಲಿಸುವ ವಿಷಯ. ಟಿವಿ ಆರಿಸಿ, ಮಕ್ಕಳನ್ನು ಹೊರಗೆ ಕಳಿಸಿ, ಕೋಣೆಯಲ್ಲಿ ನೀವು ಮತ್ತು ನಾಯಿ ಇಬ್ಬರೇ ಇರಿ. ಬೆರಳಿನ ಉಗುರಿನಷ್ಟು ಸಣ್ಣ ತಿಂಡಿ ಚೂರುಗಳು ಕೈಯಲ್ಲಿರಲಿ. ನಾಯಿ ಬೇರೆ ಕಡೆ ನೋಡುತ್ತಿರುವಾಗ “ವರ್ಸಿ” ಅನ್ನಿ, ಒಂದೇ ಸಲ, ಖುಷಿಯ ದನಿಯಲ್ಲಿ. ತಲೆ ತಿರುಗಿಸಿದ ಕ್ಷಣಕ್ಕೇ “ಶಭಾಷ್” ಅಂತ ಹೇಳಿ ಚೂರು ಕೊಡಿ. ತಿರುಗಿಸದಿದ್ದರೆ ಮತ್ತೆ ಮತ್ತೆ ಕೂಗಬೇಡಿ. ಹತ್ತಿರ ಹೋಗಿ, ಸ್ವಲ್ಪ ಕಾದು, ಇನ್ನೊಮ್ಮೆ ಹೇಳಿ. “ವರ್ಸಿ ವರ್ಸಿ ವರ್ಸಿ ವರ್ಸಿ” ಅಂತ ನಾಲ್ಕು ಸಲ ಕೂಗುವವರ ನಾಯಿ ಮೊದಲ ಮೂರನ್ನು ಬಿಟ್ಟು ನಾಲ್ಕನೆಯದಕ್ಕೆ ತಿರುಗುವುದನ್ನು ಕಲಿಯುತ್ತದೆ. ಹತ್ತು ಸಲ ಆದ ಮೇಲೆ ನಿಲ್ಲಿಸಿ. ದಿನಕ್ಕೆ ಮೂರು ಹೊತ್ತು ಮಾಡಿದರೆ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಕೋಣೆಯಲ್ಲಿ ತಪ್ಪದೆ ತಿರುಗುತ್ತಿದೆ ಅಂತಾದ ಮೇಲೆ ಹಾಲ್, ಆಮೇಲೆ ಅಂಗಳ, ಆಮೇಲೆ ಉದ್ದ ಹಗ್ಗ ಕಟ್ಟಿಕೊಂಡು ರಸ್ತೆ.

ರಸ್ತೆಗೆ ಹೋಗುವ ಆತುರ ಬೇಡ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಿಂದೆ ಹಲವರು ಮಾತಾಡುತ್ತಿರುವ ಸದ್ದಿನ ನಡುವೆ ನಾಯಿಗಳಿಗೆ ಅವುಗಳ ಹೆಸರು ಕೇಳಿಸಿದರು. ಗದ್ದಲ ಹೆಸರಿನಷ್ಟೇ ಜೋರಾಗಿದ್ದಾಗಲೂ ನಾಯಿಗಳು ಗುರುತು ಹಿಡಿದವು. ಗದ್ದಲ ಹೆಸರನ್ನೂ ಮೀರಿದಾಗ ಆಗಲಿಲ್ಲ. ಹೆಸರು ಚೆನ್ನಾಗಿ ಗೊತ್ತಿರುವ ದೊಡ್ಡ ನಾಯಿಗಳ ಕಥೆಯೇ ಇದು. ನಿನ್ನೆ ಮೊನ್ನೆ ಹೆಸರು ಕೇಳಿದ ಮರಿಯಿಂದ ಟ್ರಾಫಿಕ್ ನಡುವೆ ಅದನ್ನೇ ಬಯಸುವುದು ಅನ್ಯಾಯ ಅಲ್ವಾ?

ಇದರ ಜೊತೆಗೇ ಹೇಳಬೇಕಾದದ್ದು: ಹೆಸರು ಅಂದರೆ “ನನ್ನ ಕಡೆ ನೋಡು” ಅಂತ. “ಬಾ” ಅನ್ನುವುದು ಬೇರೆ ಪಾಠ, ಅದನ್ನು ಬೇರೆಯಾಗಿಯೇ ಕಲಿಸಬೇಕು. ಬರೀ ಹೆಸರು ಕೂಗಿ ನಾಯಿ ಓಡಿ ಬರಲಿ ಅಂತ ಕಾಯುವುದು ನಾನು ಅತಿ ಹೆಚ್ಚು ನೋಡುವ ತಪ್ಪು. ವರ್ಸಿ ಅಂದಾಗ ತಿರುಗಿ ನೋಡಿತಾ, ಅದು ತನ್ನ ಕೆಲಸ ಮಾಡಿದೆ. ಮುಂದಿನ ಮಾತು ನೀವು ಹೇಳಬೇಕು.

ಹೆಸರು ಬದಲಾದರೆ ನಾಯಿಗೆ ನೋವಾಗಲ್ಲ, ದೋಷವೂ ಇಲ್ಲ. ಆಶ್ರಯತಾಣಗಳಿಂದ ಮನೆಗೆ ಬರುವ ದೊಡ್ಡ ನಾಯಿಗಳು ಹೊಸ ಹೆಸರನ್ನು ಕಲಿಯುತ್ತಲೇ ಇರುತ್ತವೆ. ಹಳೆಯ ಹೆಸರು ಚೆನ್ನಾಗಿ ಗೊತ್ತಿರುವ ನಾಯಿಯಾದರೆ ಮೊದಲು ಹೊಸದನ್ನು ಹೇಳಿ, ಕೂಡಲೇ ಹಳೆಯದನ್ನು ಹೇಳಿ, ತಿರುಗಿದಾಗ ತಿಂಡಿ ಕೊಡಿ. ಕೆಲವು ದಿನಗಳಲ್ಲಿ ಹಳೆಯದನ್ನು ಕೈಬಿಡಬಹುದು. ಹಳೆಯ ಹೆಸರು ಕೇಳಿದರೆ ಹೆದರುವ ನಾಯಿಗೆ ಮಾತ್ರ ಹೀಗೆ ಜೋಡಿಸಬೇಡಿ, ಹಳೆಯದನ್ನು ಪೂರ್ತಿ ಮರೆತುಬಿಡಿ. ಇನ್ನು ಮುಂದೆ ಸ್ನಾನಕ್ಕೆ, ಉಗುರು ಕತ್ತರಿಸೋಕೆ, ಬೈಯೋಕೆ ವರ್ಸಿ ಅನ್ನುವ ಪದ ಬಳಸಲೇಬೇಡಿ. ಸ್ನಾನಕ್ಕೆ ನೀವೇ ಹೋಗಿ ಕರೆದುಕೊಂಡು ಬನ್ನಿ. ಇದನ್ನು ನಿಮ್ಮ ಗಂಡನಿಗೂ ಓದಿ ಹೇಳಿ.

ಬೇರೆ ಓದುಗರಿಗೆ ಒಂದು ಎಚ್ಚರಿಕೆ. ನಿಮ್ಮ ನಾಯಿ ತಟ್ಟೆ ಸದ್ದಿಗೂ ಬಾಗಿಲ ಗಂಟೆಗೂ ತಿರುಗದಿದ್ದರೆ, ಅಥವಾ ಸದ್ದು ಎಲ್ಲಿಂದ ಬಂತು ಅಂತ ತಿಳಿಯದೆ ಸುತ್ತ ಹುಡುಕುತ್ತಿದ್ದರೆ, ಹೆಸರಿನ ಯೋಚನೆ ಪಕ್ಕಕ್ಕಿಟ್ಟು ಪಶುವೈದ್ಯರ ಹತ್ತಿರ ಹೋಗಿ. ಡಾಲ್ಮೇಷಿಯನ್‌ನಂಥ ಬಿಳಿ ಮೈಯ ತಳಿಗಳಲ್ಲಿ ಹುಟ್ಟು ಕಿವುಡು ಜಾಸ್ತಿ. ಒಂದೇ ಕಿವಿ ಕೇಳದಿರುವುದೂ ಉಂಟು. ಸದ್ದಿಗೆ ಮಿದುಳು ಸ್ಪಂದಿಸುತ್ತಾ ಅಂತ ನೋಡುವ ಬೇರ್ (BAER) ಅನ್ನುವ ಪರೀಕ್ಷೆಯಲ್ಲಿ ಅದು ಖಚಿತವಾಗಿ ಗೊತ್ತಾಗುತ್ತದೆ. ಕಿವಿಗೆ ಎಣ್ಣೆ ಹಾಕಿ ಸರಿಮಾಡುತ್ತೇವೆ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ.

ಪ್ರಶ್ನೆ: ಬ್ರ್ಯಾಂಡ್ ಹೆಸರುಗಳ ಒಂದು ಪಟ್ಟಿ ಕೊಡಿ ಮೇಡಂ. ಯಾವುದು ಒಳ್ಳೆಯದು, ಯಾವುದು ಬೇಡ?

ಉತ್ತರ: ಪಟ್ಟಿ ಕೊಡುವುದಿಲ್ಲ, ಆರಿಸುವ ದಾರಿ ಹೇಳುತ್ತೇನೆ. ನೀವು ನಾಯಿಗೆ ದಿನವೂ ಹೇಳುವ ಮಾತುಗಳನ್ನು ಮೊದಲು ಬರೆದುಕೊಳ್ಳಿ. ಆ ಮಾತುಗಳಿಗೆ ಹತ್ತಿರದ ಸದ್ದಿರುವ ಹೆಸರನ್ನು ಹೊಡೆದುಹಾಕಿ. “ಬಾ” ಅನ್ನುವ ಮನೆಯಲ್ಲಿ ಬಾಸ್ ಬೇಡ. “ಕೂತ್ಕೋ”, “ತಗೋ” ಅನ್ನುವ ಮನೆಯಲ್ಲಿ ಕೋಕೋ ಬೇಡ. ಅದು ಗೇಬ್ರಿಯೆಲ್ ಶನೆಲ್‌ಗೆ ಇದ್ದ ಮುದ್ದಿನ ಹೆಸರು, ಕೇಳೋಕೆ ಚೆಂದ, ಆದರೆ ನಾಯಿ ಗೊಂದಲಕ್ಕೆ ಬೀಳುತ್ತದೆ. “ಲೀವ್ ಇಟ್” ಕಲಿಸಿದ್ದರೆ ಲೀವೈ ಬೇಡ, “ಸ್ಟೇ” ಕಲಿಸಿದ್ದರೆ ಸ್ಟೆಲ್ಲಾ ಬೇಡ. ಎರ್ಮೆಸ್ ಅಂತ ಇಡೋಕೆ ಬಹಳ ಜನರಿಗೆ ಆಸೆ. 1837ರಲ್ಲಿ ಕುದುರೆಯ ಸರಂಜಾಮು ಹೊಲಿಯುವ ಅಂಗಡಿಯಾಗಿ ಶುರುವಾದ ಬ್ರ್ಯಾಂಡ್ ಅದು, ಪ್ರಾಣಿಗೆ ಆ ಹೆಸರು ಒಪ್ಪುತ್ತದೆ ಕೂಡ. ಆದರೆ ಮನೆಯವರೆಲ್ಲ ಒಂದೇ ಥರ ಹೇಳುವುದಿಲ್ಲ, ಮತ್ತೆ ವರ್ಸಾಚೆಯ ಕಥೆಯೇ. ಪ್ರಾಡಾ, ಫೆಂಡಿ, ಪೂಮಾ ಇವು ನನಗೆ ಇಷ್ಟ. ಚಿಕ್ಕವು, ಸ್ಪಷ್ಟ, ಯಾವ ಆಜ್ಞೆಗೂ ತಗುಲುವುದಿಲ್ಲ. ಬ್ರ್ಯಾಂಡೇ ಆಗಬೇಕೆಂಬ ಹಟ ಇಲ್ಲದಿದ್ದರೆ ಬಟ್ಟೆಗಳ ಕಡೆಯೂ ನೋಡಿ. ಡೆನಿಮ್, ವೆಲ್ವೆಟ್, ಟ್ವೀಡ್ ಮೂರೂ ಒಳ್ಳೆಯ ಹೆಸರುಗಳು.

ಪ್ರಶ್ನೆ: ಎರಡು ಗಂಡುಮರಿ ತಂದಿದ್ದೇವೆ, ಒಂದೇ ತಾಯಿಯವು. ಜೋಡಿ ಹೆಸರು ಹೇಳಿ.

ಉತ್ತರ: ಜರ್ಮನಿಯಲ್ಲಿ ಆಡಿ ಡಾಸ್ಲರ್, ರೂಡಿ ಡಾಸ್ಲರ್ ಅಂತ ಅಣ್ಣತಮ್ಮ ಇದ್ದರು. ಜಗಳವಾಡಿ ಬೇರೆಯಾದ ಮೇಲೆ 1948ರಲ್ಲಿ ರೂಡಿ ಪೂಮಾ ಕಟ್ಟಿದ, 1949ರಲ್ಲಿ ಆಡಿ ಅಡಿಡಾಸ್ ಕಟ್ಟಿದ. ಆಡಿ, ರೂಡಿ ಅಂತ ಇಡಬೇಡಿ, ಎರಡೂ “ಡಿ”ಯಲ್ಲಿ ಮುಗಿಯುತ್ತವೆ, ಒಂದನ್ನು ಕರೆದರೆ ಎರಡೂ ಬರುತ್ತವೆ. ಆಡಿ, ಪೂಮಾ ಅಂತಿಡಿ. ಇಬ್ಬರಿಗೂ ಬೇರೆಬೇರೆ ಕೋಣೆಯಲ್ಲಿ ಹೆಸರು ಕಲಿಸಿ.

ಪ್ರಶ್ನೆ: ಹೆಸರು “ಎಸ್” ಅಥವಾ “ಕೆ” ಅಕ್ಷರದಿಂದಲೇ ಶುರುವಾಗಬೇಕಂತೆ, ಹೌದಾ?

ಉತ್ತರ: ಅಲ್ಲ.

ಪ್ರಶ್ನೆ: ಬೀದಿಯಿಂದ ತಂದ ನಾಯಿಗೆ ಡಿಯೋರ್ ಅಂತ ಇಟ್ಟರೆ ಜನ ನಗಲ್ವಾ?

ಉತ್ತರ: ನಗುವವರನ್ನು ಮನೆಗೆ ಕರೆಯಬೇಡಿ.

ಪ್ರಶ್ನೆ: ಬ್ರ್ಯಾಂಡಿನ ಹೆಸರಿಟ್ಟರೆ ಕಂಪನಿಯವರು ಕೇಸ್ ಹಾಕುತ್ತಾರಾ?

ಉತ್ತರ: ಮನೆಯ ನಾಯಿಯನ್ನು ಕರೆಯುವುದು ವ್ಯಾಪಾರ ಅಲ್ಲ. ಆ ಹೆಸರಲ್ಲಿ ಸಾಮಾನು ಮಾರಿದರೆ ಮಾತು ಬೇರೆ. “ಚ್ಯೂಯಿ ವಿಟಾನ್” ಅಂತ ನಾಯಿಗಳ ಆಟಿಕೆ ಮಾರಿದ ಕಂಪನಿಯ ಮೇಲೆ ಲೂಯಿ ವಿಟಾನ್ ಕೇಸ್ ಹಾಕಿತ್ತು. 2007ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದು ಅಣಕ ಅಂತ ಹೇಳಿ ಆಟಿಕೆ ಕಂಪನಿಯ ಪರ ತೀರ್ಪು ಕೊಟ್ಟಿತು. ನಾಯಿಯ ಹೆಸರಲ್ಲಿ ಬಟ್ಟೆಯೋ ಬೆಲ್ಟೋ ಮಾರುವ ಯೋಚನೆ ಇದ್ದರೆ ವಕೀಲರನ್ನು ಕೇಳಿ.

ಪ್ರಶ್ನೆ: ನಮ್ಮ ಝಾರಾ ಹೋದ ವರ್ಷ ತೀರಿಕೊಂಡಳು. ಹೊಸ ಮರಿಗೂ ಅದೇ ಹೆಸರಿಡಬೇಕು ಅನಿಸುತ್ತದೆ. ತಪ್ಪಾ?

ಉತ್ತರ: ತಪ್ಪಿಲ್ಲ. ಫ್ರಾನ್ಸಿನ ವಸ್ತ್ರವಿನ್ಯಾಸಕ ಈವ್ ಸಾನ್ ಲಾರಾನ್ ಒಂದಾದ ಮೇಲೊಂದರಂತೆ ಸಾಕಿದ ತನ್ನ ಫ್ರೆಂಚ್ ಬುಲ್‌ಡಾಗ್‌ಗಳಿಗೆಲ್ಲ ಮೂಜಿಕ್ ಅಂತಲೇ ಹೆಸರಿಟ್ಟಿದ್ದ. ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ. ಆದರೂ ನಾನಾಗಿದ್ದರೆ ಇಡುತ್ತಿರಲಿಲ್ಲ. ಹೊಸ ಮರಿ ಚಪ್ಪಲಿ ಕಚ್ಚಿದಾಗ “ಝಾರಾ ಹೀಗೆ ಮಾಡ್ತಿರಲಿಲ್ಲ” ಅಂತ ಮನೆಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ. ಆ ಹೋಲಿಕೆ ಮರಿಗೆ ಬೇಡ. ಇಡಲೇಬೇಕು ಅಂತಿದ್ದರೆ ಒಂದು ತಿಂಗಳು ಕಾದು ಇಡಿ.

ಪ್ರಶ್ನೆ: ನಮ್ಮ ಬರ್ಬರಿಗೆ ಅದೇ ಬ್ರ್ಯಾಂಡಿನ ಕೋಟು ಬೇಸಿಗೆಯಲ್ಲೂ ಹಾಕಬಹುದಾ?

ಉತ್ತರ: ಬೇಡವೇ ಬೇಡ. ನಾಯಿ ಮೈಯ ಬಿಸಿ ಇಳಿಸಿಕೊಳ್ಳುವುದು ಮುಖ್ಯವಾಗಿ ನಾಲಿಗೆ ಹೊರಹಾಕಿ ತೇಕುತ್ತಾ. ಕೋಟು ಹಾಕಿದರೆ ಜೀವಕ್ಕೇ ಅಪಾಯ.

ಪ್ರಶ್ನೆ: ಬೆಲ್ಟಿನ ಮೇಲೆ “ಪ್ರಾಡಾ” ಅಂತ ದೊಡ್ಡದಾಗಿ ಬರೆಸಿದ್ದೇವೆ. ಚೆನ್ನಾಗಿದೆ ಅಲ್ವಾ?

ಉತ್ತರ: ನನಗೆ ಭಯವಾಗುತ್ತದೆ. ನಾಯಿ ಕಳ್ಳರು ಎಲ್ಲ ಕಡೆ ಇದ್ದಾರೆ. ದೂರದಿಂದ ಹೆಸರು ಓದಿ, ಖುಷಿಯಾಗಿ ಕರೆದು, ತಿಂಡಿ ತೋರಿಸಿದರೆ ನೀವು ಚೆನ್ನಾಗಿ ಕಲಿಸಿದ ನಾಯಿಯೇ ಮೊದಲು ಹೋಗುತ್ತದೆ. ಅದನ್ನು ಬಿಚ್ಚಿಸಿ, ಬಿಲ್ಲೆಯ ಮೇಲೆ ನಿಮ್ಮ ಫೋನ್ ನಂಬರ್ ಕೆತ್ತಿಸಿ. ಮೈಕ್ರೋಚಿಪ್ ಕೂಡ ಹಾಕಿಸಿ. ಅದರಿಂದ ನಾಯಿ ಎಲ್ಲಿದೆ ಅಂತ ಫೋನಿನಲ್ಲಿ ಕಾಣುತ್ತದೆ ಅಂದುಕೊಂಡವರು ಬಹಳ ಜನ. ಕಾಣುವುದಿಲ್ಲ. ಚಿಪ್ಪಿನಲ್ಲಿರುವುದು ಒಂದು ಗುರುತಿನ ಸಂಖ್ಯೆ ಮಾತ್ರ. ನಾಯಿ ಸಿಕ್ಕವರು ಅದನ್ನು ಓದಿಸಿದಾಗ ನೋಂದಣಿಯಲ್ಲಿ ನಿಮ್ಮ ಈಗಿನ ಫೋನ್ ನಂಬರ್ ಇರಬೇಕು. ಮನೆ ಬದಲಾಯಿಸಿದ್ದರೆ, ಸಿಮ್ ಬದಲಾಯಿಸಿದ್ದರೆ ಇವತ್ತೇ ತಿದ್ದಿಸಿ.